ಕರುಳಿನ ಆಪರೇಷನ್ ಆದ ಮೇಲೆ ನಿಮಗೆ ಯಾರು ಜೊತೆಯಾದರು? ಅನುಭವ ಹೇಳಿ

ಕಾರಟಗಿಯಿಂದ:
ನನಗೆ 46. ದೊಡ್ಡ ಕರುಳಿನ ಕ್ಯಾನ್ಸರ್. ಎಡಗಡೆ ಭಾಗ ತೆಗೆದು, ಮಲ ಹೋಗೋಕೆ ಹೊಟ್ಟೆಗೆ ಬ್ಯಾಗ್ ಹಾಕಿದ್ದಾರೆ. ಕೀಮೋ ಮುಗಿದ ಮೇಲೆ ಮತ್ತೆ ಜೋಡಿಸುತ್ತಾರಂತೆ. ಗಾಯ ಒಣಗುತ್ತಿದೆ, ಮನಸ್ಸು ಮಾತ್ರ ಸರಿಯಿಲ್ಲ. ನೋಡೋಕೆ ಬಂದವರು ಬಾಳೆಹಣ್ಣು ಇಟ್ಟು, ದೇವರಿದ್ದಾನೆ ಅಂತ ಹೇಳಿ ಹೋಗುತ್ತಾರೆ. ಹೆಂಡತಿ ಜೊತೆ ಎಷ್ಟು ಅಂತ ಮಾತಾಡಲಿ? ಇದನ್ನು ದಾಟಿದವರ ಜೊತೆ ಮಾತಾಡಬೇಕು. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ನಿಮಗೆ ಅಂಥವರು ಹೇಗೆ ಸಿಕ್ಕರು?

ಮಾನ್ವಿ ಮೇಷ್ಟ್ರು:
ನನ್ನದು ಕೇಳಿ ಸರ್. ರಾಯಚೂರು ಕಡೆಯವರು ಹೈದರಾಬಾದಿಗೇ ಅಲ್ವಾ ಹೋಗೋದು. ದೊಡ್ಡ ಖಾಸಗಿ ಆಸ್ಪತ್ರೆ, ಹೆಸರು ಬೇಡ. ಪ್ಯಾಕೇಜ್ 3,20,000, ಎಲ್ಲ ಸೇರಿ ಅಂತ ಬಾಯಿಬಿಟ್ಟು ಹೇಳಿದ್ದರು. ವಾರ ತುಂಬುವ ಮೊದಲೇ ಜೋಡಿಸಿದ ಜಾಗ ಸೋರಿತು. ಜ್ವರ, ಹೊಟ್ಟೆ ಉಬ್ಬರ, ಮತ್ತೆ ಥಿಯೇಟರ್. ಆಗಲೇ ಬ್ಯಾಗ್ ಹಾಕಿದ್ದು. ಐಸಿಯು ದಿನಕ್ಕೆ 22,000. ಬಿಲ್ಲು ನೋಡಿದರೆ ಕರುಳು ಜೋಡಿಸುವ ಸ್ಟೇಪ್ಲರ್‌ಗೇ ಬೇರೆ 46,000. ಸೋರಿದ ಸ್ಟೇಪ್ಲರ್‌ಗೂ ದುಡ್ಡು! ಕೇಳಿದರೆ, ಸೋರೋದು ಯಾರಿಗಾದರೂ ಆಗಬಹುದು, ಸಹಿ ಹಾಕಿದ್ದೀರಲ್ಲ ಅಂದರು. ಇಲಾಖೆಯಿಂದ ವಾಪಸ್ ಬಂದದ್ದು ಅರ್ಧಕ್ಕಿಂತ ಕಡಿಮೆ. ಅದಕ್ಕೂ ಮೂಲ ಬಿಲ್ಲು, ಅದರ ಮೇಲೆ ಡಾಕ್ಟರ್ ಸಹಿ, ಸೀಲು, ಮತ್ತೆ ಸಹಿ.
ಬ್ಯಾಗ್ ಬಿಚ್ಚಿ ತೊಳೆಯೋದು ತೋರಿಸಿಕೊಟ್ಟವನು ಪಕ್ಕದ ಬೆಡ್ಡಿನ ಮಹಬೂಬ್‌ನಗರದ ಆಟೋ ಡ್ರೈವರ್. ನನ್ನ ತೆಲುಗು ಅಷ್ಟಕ್ಕಷ್ಟೆ. ಆದರೂ ಈಗಲೂ ಭಾನುವಾರ ಫೋನ್ ಮಾಡುತ್ತಾನೆ. ಸ್ಟಾಫ್ ರೂಮಿನವರು ಒಂದೇ ಸಲ ಬಂದರು.

ಸಿಂಧನೂರು ಅಕ್ಕ:
ಮೇಷ್ಟ್ರೇ, ದುಡ್ಡಿದ್ದವರು ಹೈದರಾಬಾದಿಗೆ ಹೋಗುತ್ತೀರಿ. ನಮ್ಮ ಯಜಮಾನರಿಗೆ ಬೆಂಗಳೂರಿನ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಕಿದ್ವಾಯಿಯಲ್ಲೇ ಆಯಿತು. ಬಿಪಿಎಲ್ ಕಾರ್ಡ್ ಇತ್ತು, ಆಯುಷ್ಮಾನ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಮನೆಗೆ 5 ಲಕ್ಷದವರೆಗೆ ಇದೆ. ಆಪರೇಷನ್ನಿಗೆ ನಾವು ಕೊಟ್ಟದ್ದು ಏನೂ ಇಲ್ಲ. ಖರ್ಚೆಲ್ಲ ಸುತ್ತಮುತ್ತಲಿನದು. ರೂಮು ದಿನಕ್ಕೆ 600, ಊಟ, ಆಟೋ. ಸಿಂಧನೂರಿನಿಂದಲೇ ಈಗ ಯಶವಂತಪುರಕ್ಕೆ ರೈಲಿದೆ. ಕ್ಯಾನ್ಸರ್ ರೋಗಿಗೆ ಸ್ಲೀಪರಿನಲ್ಲಿ ಪೂರ್ತಿ ಉಚಿತ, ಜೊತೆಗೆ ಹೋಗುವ ಒಬ್ಬರಿಗೆ 75 ಪರ್ಸೆಂಟ್ ಕಡಿಮೆ. ಆಸ್ಪತ್ರೆಯ ಫಾರಂ ತುಂಬಿಸಿ ಕೌಂಟರಿನಲ್ಲೇ ತಗೋಬೇಕು. ಇದನ್ನು ನಮಗೆ ಹೇಳಿದವರು ಆಫೀಸಿನವರಲ್ಲ, ಕೀಮೋ ಸಾಲಿನಲ್ಲಿ ಕೂತಿದ್ದ ದೇವದುರ್ಗದ ಒಬ್ಬ ಅಜ್ಜ.
ಮನೆಗೆ ಬಂದ ಮೇಲೆ ಬ್ಯಾಗ್ ನಮ್ಮದೇ. ಒಂದಕ್ಕೆ 260. ಪೇಸ್ಟ್ ಬೇರೆ, ಪೌಡರ್ ಬೇರೆ. ಸಿಂಧನೂರಿನಲ್ಲಿ ಸಿಗಲ್ಲ, ತರಿಸಬೇಕು. ಗೃಹಲಕ್ಷ್ಮಿಯ 2,000 ಪೂರ್ತಿ ಅದಕ್ಕೇ. ಆ ದುಡ್ಡು ತಡವಾದರೆ ಬ್ಯಾಗ್ ತೊಳೆದು, ಸುತ್ತ ಟೇಪ್ ಹಚ್ಚಿ ದೂಡೋದು.

ರಾಯಚೂರು ಸ್ಟೇಷನ್ ರೋಡ್:
ಯಾಕೆ ತಡವಾಯಿತು, ಯಾರಿಂದ ತಡವಾಯಿತು, ಅದನ್ನೂ ಬರೆಯಿರಿ ಅಕ್ಕ.

ಸಿಂಧನೂರು ಅಕ್ಕ:
ನಾನು ಬ್ಯಾಗಿನ ಲೆಕ್ಕ ಹೇಳಿದೆ. ಓಟಿನ ಲೆಕ್ಕ ನೀವು ಬೇರೆ ಕಡೆ ಮಾಡಿಕೊಳ್ಳಿ.

ರಾಯಚೂರು ಸ್ಟೇಷನ್ ರೋಡ್:
ಸತ್ಯ ಹೇಳಿದರೆ ರಾಜಕೀಯ. ಆಯ್ತು ಬಿಡಿ.

ಸಿರುಗುಪ್ಪ ಗದ್ದೆಯವನು:
ಕಾರಟಗಿ ಅಣ್ಣ, ನಿಮ್ಮದು ವಾಪಸ್ ಜೋಡಿಸುತ್ತಾರೆ. ನನ್ನದು ಗುದದ್ವಾರದ ಹತ್ತಿರವೇ ಇತ್ತು, ಬ್ಯಾಗ್ ಜೀವನಪೂರ್ತಿ. ನಾನು ಭತ್ತ ನಾಟಿಗೂ ನಿಲ್ಲುತ್ತೇನೆ, ಜಾತ್ರೆಗೂ ಹೋಗುತ್ತೇನೆ. ಊರಿಗೆಲ್ಲ ಹೇಳಿದ್ದೇನೆ. ಮುಚ್ಚಿಟ್ಟಷ್ಟೂ ಜನ ಹೆಚ್ಚು ಮೂಗು ಮುರಿಯುತ್ತಾರೆ.
ಮೊದಲು ಚರ್ಮ ನೋಡಿಕೊಳ್ಳಿ. ಸ್ಟೋಮಾ, ಅಂದರೆ ಹೊಟ್ಟೆಯ ಮೇಲೆ ಹೊರಗೆ ತೆಗೆದಿರುವ ಕರುಳಿನ ಬಾಯಿ, ಮೊದಲ ಆರೆಂಟು ವಾರ ಕುಗ್ಗುತ್ತಾ ಹೋಗುತ್ತೆ. ಆಸ್ಪತ್ರೆಯಲ್ಲಿ ಕತ್ತರಿಸಿದ ಅಳತೆಯಲ್ಲೇ ಬ್ಯಾಗಿನ ಅಂಟಿಗೆ ತೂತು ಮಾಡುತ್ತಾ ಹೋದರೆ ಸುತ್ತಲಿನ ಚರ್ಮಕ್ಕೆ ಮಲ ತಾಗಿ ಹಸಿ ಗಾಯ. ನನಗೆ ಹಾಗೇ ಆಗಿ ಅಂಟೇ ಹಿಡಿಯಲಿಲ್ಲ. ರಾತ್ರಿ ಹಾಸಿಗೆ ಎಲ್ಲ. ಎರಡು ತಿಂಗಳ ಬ್ಯಾಗ್ ಎರಡೇ ವಾರಕ್ಕೆ ಖಾಲಿ. ವಾರಕ್ಕೊಮ್ಮೆ ಅಳೆಯಿರಿ. ತೂತು ಸ್ಟೋಮಾಕ್ಕಿಂತ ಒಂದೆರಡು ಮಿಲಿಮೀಟರ್ ಅಷ್ಟೇ ದೊಡ್ಡದಿರಲಿ. ಮೂರನೇ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡಿ, ಭಾರಕ್ಕೆ ಕಿತ್ತು ಬರುತ್ತೆ. ನಮ್ಮ ಬಿಸಿಲಿಗೆ ಬೆವರಿ ಅಂಟು ಬಿಡುತ್ತೆ. ಬೆಲ್ಟ್ ತಗೊಳ್ಳಿ, 400ರ ಒಳಗೆ ಬರುತ್ತೆ. ಬ್ಯಾಗಿನ ಡಬ್ಬ ಬಿಸಿಲಿಗೆ ಇಡಬೇಡಿ.
ಮುಂಬೈಯಲ್ಲಿ ಆಸ್ಟಮಿ ಅಸೋಸಿಯೇಷನ್ ಆಫ್ ಇಂಡಿಯಾ ಇದೆ. ಬ್ಯಾಗ್ ಇರುವವರದೇ ಸಂಘ. ಹರಕುಮುರುಕು ಹಿಂದಿಯಲ್ಲೇ ಮಾತಾಡಿದೆ. ಆ ಕಡೆಯವರಿಗೂ ಬ್ಯಾಗ್ ಇದೆ ಅಂತ ಗೊತ್ತಾದಾಗ ನಾಚಿಕೆ ಅರ್ಧ ಹೋಯಿತು.

ಕೌಲ್ ಬಜಾರ್:
ಊರಿಗೆಲ್ಲ ಹೇಳಿದೆ ಅಂತೀರಿ. ಗಂಡಸರು, ಸ್ವಂತ ಗದ್ದೆ ಇದೆ, ಹೇಳಬಹುದು. ಬ್ಯಾಗ್ ನನಗೇ ಇತ್ತು. ಮಗಳಿಗೆ ಗಂಡು ನೋಡುತ್ತಿದ್ದೆವು. ಬೀಗರಾಗುವವರಿಗೆ ಗೊತ್ತಾಗಿದ್ದರೆ ಮಾತು ಅಲ್ಲೇ ಮುಗಿಯುತ್ತಿತ್ತು. ಹರ್ನಿಯಾ ಆಪರೇಷನ್ ಅಂದೆವು. ಮದುವೆ ಆಯಿತು, ಮಗಳು ಚೆನ್ನಾಗಿದ್ದಾಳೆ. ಸರಿಯಾಗೇ ಮಾಡಿದೆ. ಗೊತ್ತಿದ್ದವಳು ಬಟ್ಟೆ ಹೊಲಿಯುವ ಪಕ್ಕದ ಮನೆಯವಳು ಒಬ್ಬಳೇ. ಬ್ಯಾಗಿಗೆ ಹತ್ತಿ ಬಟ್ಟೆಯ ಕವರ್ ಹೊಲಿದುಕೊಟ್ಟಳು, ಲಂಗದ ಒಳಗೆ ಜೇಬು ಇಟ್ಟಳು. ಮದುವೆ ದಿನ ರೇಷ್ಮೆ ಸೀರೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಹೊಲಿಗೆಗೆ ದುಡ್ಡು ತಗೊಳ್ಳಲಿಲ್ಲ. ನೂರು ಜನರ ಜೊತೆ ಮಾತಾಡೋದಕ್ಕಿಂತ ಅದು ದೊಡ್ಡದು.

ತೋರಣಗಲ್ಲು ಶಿಫ್ಟ್:
ಅಮ್ಮ, ಮದುವೆ ಆಯಿತು ಸರಿ. ನಿಮ್ಮ ಅಣ್ಣತಮ್ಮಂದಿರಿಗೆ, ಮಗಳಿಗೆ ಹೇಳಿದ್ದೀರಾ? ಈ ಕಾಯಿಲೆ ಬಂದವರ ಒಡಹುಟ್ಟಿದವರು, ಮಕ್ಕಳು 40ಕ್ಕೆ ಕೊಲೊನೊಸ್ಕೋಪಿ (ಕ್ಯಾಮೆರಾ ಟ್ಯೂಬ್ ಬಿಟ್ಟು ಕರುಳು ನೋಡೋ ಪರೀಕ್ಷೆ) ಮಾಡಿಸಬೇಕು. ಇಲ್ಲವೇ ಕಾಯಿಲೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮುಂಚೆ. ಯಾವುದು ಮೊದಲು ಬರುತ್ತೋ ಅದು. ಕಾರಟಗಿಯವರ ತಮ್ಮ ಇದ್ದರೆ 36ಕ್ಕೇ. ಹರ್ನಿಯಾ ಅಂದರೆ ಯಾರು ಮಾಡಿಸುತ್ತಾರೆ?

ಕೌಲ್ ಬಜಾರ್:
ಮಗಳಿಗೆ ಗೊತ್ತು. ಅವಳಿಗೆ ಗೊತ್ತಿಲ್ಲ ಅಂತ ನಾನೆಲ್ಲಿ ಬರೆದೆ? ಓದದೇ ಬೈಯೋಕೆ ಬರಬೇಡಿ. ತಮ್ಮಂದಿರಿಗೆ ಹೇಳಿದರೆ ಸಂಜೆಯೊಳಗೆ ಬಳ್ಳಾರಿಗೆಲ್ಲ ಗೊತ್ತಾಗುತ್ತೆ.

ತೋರಣಗಲ್ಲು ಶಿಫ್ಟ್:
ಗೊತ್ತಾಗಲಿ ಬಿಡಿ. ತಮ್ಮನ ಜೀವಕ್ಕಿಂತ ಮಾನ ದೊಡ್ಡದಾ?

ಸಿಂಧನೂರು ಅಕ್ಕ:
ಹೆಣ್ಣು ಹೆತ್ತವರ ಕಷ್ಟ ನಿಮಗೆ ಗೊತ್ತಿಲ್ಲ, ಸುಮ್ನಿರಿ. ಆದರೆ ಪರೀಕ್ಷೆ ವಿಷಯದಲ್ಲಿ ಅವರು ಹೇಳೋದು ಸರಿ ಇದೆ ಅಕ್ಕ.

ತೋರಣಗಲ್ಲು ಶಿಫ್ಟ್:
ನನ್ನ ಪಾಡೂ ಹೇಳಿಬಿಡುತ್ತೇನೆ. ಕೀಮೋದಲ್ಲಿ ಆಕ್ಸಾಲಿಪ್ಲಾಟಿನ್ ಅನ್ನೋ ಔಷಧಿ ಇದ್ದರೆ ಪ್ರತಿ ಡ್ರಿಪ್ ಆದ ಮೇಲೆ ಕೆಲವು ದಿನ ತಣ್ಣನೆಯದು ಏನೂ ಕೂಡದು. ಮೇ ತಿಂಗಳು, ಬಳ್ಳಾರಿ ಬಿಸಿಲು, ಕೈಯಲ್ಲಿ ಬಿಸಿನೀರಿನ ಲೋಟ! ಒಂದು ಸಲ ಮಡಕೆ ನೀರು ಗುಟುಕರಿಸಿದೆ, ಗಂಟಲು ಹಿಡಿದುಕೊಂಡು ಉಸಿರೇ ನಿಂತ ಹಾಗಾಯಿತು. ಬೆರಳು ಜೋಮು. ಅಂಗಿ ಗುಂಡಿ ಹಾಕೋಕೂ ಹೆಂಡತಿ ಬೇಕು. ಕೆಪೆಸಿಟಬಿನ್ ಮಾತ್ರೆಗೆ ಅಂಗಾಲು ಸುಲಿಯಿತು. ಸೇಫ್ಟಿ ಶೂ ಹಾಕದೆ ಪ್ಲಾಂಟಿನ ಒಳಗೆ ಬಿಡಲ್ಲ, ಹಾಕಿದರೆ ನಡೆಯೋಕಾಗಲ್ಲ. ಸಂಬಳ ಕಟ್. ಜೋಮು ಇನ್ನೂ ಪೂರ್ತಿ ಹೋಗಿಲ್ಲ. ಜೊತೆಗಾರರು ಸಿಕ್ಕಿದ್ದು ಕೀಮೋ ವಾರ್ಡಿನಲ್ಲೇ. ಒಂದೇ ದಿನ ಡ್ರಿಪ್ ಬೀಳುತ್ತಿದ್ದವರು ಕೆಲವರು ಇದ್ದೆವು, ಈಗಲೂ ಸಿಇಎ (ಕ್ಯಾನ್ಸರ್ ಮರಳಿದೆಯಾ ಅಂತ ನೋಡೋ ರಕ್ತ ಪರೀಕ್ಷೆ) ರಿಪೋರ್ಟ್ ಬಂದಾಗ ಒಬ್ಬರಿಗೊಬ್ಬರು ಕಳಿಸುತ್ತೇವೆ. ಊಟಕ್ಕೆ ಮೊಸರನ್ನ, ಗಂಜಿ. ರೊಟ್ಟಿ ಮುಟ್ಟಬೇಡಿ.

ಲಿಂಗಸುಗೂರು:
ಜೋಳದ ರೊಟ್ಟಿ ಬಿಟ್ಟರೆ ನಮ್ಮ ಕಡೆಯವರಿಗೆ ಶಕ್ತಿ ಎಲ್ಲಿಂದ ಬರಬೇಕು? ನಮ್ಮಪ್ಪನಿಗೆ ರೊಟ್ಟಿ ಬಿಡಿಸಿದರು, 11 ಕೆಜಿ ಇಳಿದರು. ಅಂದಹಾಗೆ ಕೊಪ್ಪಳದ ಹತ್ತಿರ ಒಬ್ಬರು ಬೇರು ಕೊಡುತ್ತಾರೆ. ಕೀಮೋ ಬೇಕಾಗಲ್ಲ, ಹಸಿವೂ ಆಗುತ್ತೆ. ನಂಬರ್ ಬೇಕಾದವರು ಕೇಳಿ.

ಸಿಂಧನೂರು ಅಕ್ಕ:
ಆ ಮಾತು ಅಳಿಸಿ. ನಮ್ಮ ಓಣಿಯಲ್ಲಿ ಒಬ್ಬರು ಕೀಮೋ ಅರ್ಧಕ್ಕೆ ಬಿಟ್ಟು ಬೇರು ಕುಡಿದರು. ಕ್ಯಾನ್ಸರ್ ಲಿವರಿಗೆ ಹೋಯಿತು. ಎರಡು ಚಿಕ್ಕ ಮಕ್ಕಳು.

ಲಿಂಗಸುಗೂರು:
ಕೀಮೋ ಮಾಡಿಸಿದವರು ಸತ್ತಿಲ್ವಾ?

ಸಿಂಧನೂರು ಅಕ್ಕ:
ನಿಮ್ಮಪ್ಪನಿಗೆ ಕೊಟ್ಟಿದ್ದೀರಾ ಆ ಬೇರು? ಮೊದಲು ಅದು ಹೇಳಿ.

ಸಿರುಗುಪ್ಪ ಗದ್ದೆಯವನು:
ರೊಟ್ಟಿಗೆ ಜಗಳ ಯಾಕೆ. ತೋರಣಗಲ್ಲಿನವರೇ, ನಿಮ್ಮದು ಸಣ್ಣ ಕರುಳಿನ ಬ್ಯಾಗ್ ಇರಬೇಕು. ಅದು ನೀರು ನೀರು, ಓಆರ್‌ಎಸ್ ಬೇಕು. ಮೆಕ್ಕೆಜೋಳ, ಕೊಬ್ಬರಿ, ಶೇಂಗಾ ಸಿಕ್ಕಿಹಾಕಿಕೊಳ್ಳುತ್ತೆ. ಕಾರಟಗಿಯವರದು ದೊಡ್ಡ ಕರುಳಿನದು. ಪಥ್ಯ ಒಂದೇ ಅಲ್ಲ. ಮೊದಲ ಆರು ವಾರ ನಾರು ಕಡಿಮೆ. ಆಮೇಲೆ ರೊಟ್ಟಿ ಬೇಳೆ ಸಾರಿನಲ್ಲಿ ನೆನೆಸಿ, ಅರ್ಧದಿಂದ ಶುರು ಮಾಡಿ. ನಾನು ಈಗ ಎರಡು ಹೊತ್ತೂ ರೊಟ್ಟಿ.

ತೋರಣಗಲ್ಲು ಶಿಫ್ಟ್:
ನನ್ನದು ಯಾವ ಕರುಳು ಅಂತ ನನಗೆ ಗೊತ್ತು ಸ್ವಾಮಿ. ಡಾಕ್ಟರ್ ಹೇಳಿದ್ದನ್ನೇ ಬರೆದೆ.

ಮಾನ್ವಿ ಮೇಷ್ಟ್ರು:
ಮೆಡಿಕಲ್ ಬಿಲ್ಲಿನಲ್ಲಿ ಸ್ಟೇಪ್ಲರ್ ಪಾಸ್ ಮಾಡಿಸಿಕೊಂಡವರು ಸರ್ಕಾರಿ ನೌಕರರು ಯಾರಾದರೂ ಇದ್ದೀರಾ? ನಮ್ಮ ಕ್ಲರ್ಕ್ ಅದು ಪಟ್ಟಿಯಲ್ಲೇ ಇಲ್ಲ ಅನ್ನುತ್ತಾನೆ.

ಕಾರಟಗಿಯಿಂದ:
ಎಲ್ಲ ಓದಿದೆ. ಸಿರುಗುಪ್ಪ ಅಣ್ಣ, ನನಗೆ ಮುಂದಿನ ವಾರ ಕೀಮೋ ಶುರು. ಚರ್ಮ ಕೆಂಪಾಗಿದೆ, ಉರಿ. ಫೋನ್ ಮಾಡಬಹುದಾ?

ಸಿರುಗುಪ್ಪ ಗದ್ದೆಯವನು:
ಧಾರಾಳವಾಗಿ. ಸಂಜೆ ಹಾಲು ಕರೆದಾದ ಮೇಲೆ ಮಾಡಿ, ನಂಬರ್ ಕಳಿಸಿದ್ದೇನೆ. ಕೀಮೋಗೆ ಮುಂಚೆ ಆ ಕೆಂಪು ಡಾಕ್ಟರಿಗೆ ತೋರಿಸಿ, ಮುಚ್ಚಿಡಬೇಡಿ. ನಿಮ್ಮ ಸ್ಟೋಮಾ ಎಷ್ಟು ಎಂಎಂ? ನನ್ನ ಹತ್ತಿರ 50 ಎಂಎಂನ ಪ್ಲೇಟು (ಚರ್ಮಕ್ಕೆ ಅಂಟಿಸೋದು), ಬ್ಯಾಗು ಒಂದು ಡಬ್ಬ ಹಾಗೇ ಇದೆ.

ಸಿಂಧನೂರು ಅಕ್ಕ:
50 ನಮಗೂ ಆಗುತ್ತೆ ಅಣ್ಣ. ಅರ್ಧ ಅರ್ಧ ಮಾಡೋಕಾಗಲ್ವಾ?

ಸಿರುಗುಪ್ಪ ಗದ್ದೆಯವನು:
ಮೊದಲು ಅವರು ಅಳತೆ ಹೇಳಲಿ ಅಕ್ಕ. ಕಾರಟಗಿ ಅಣ್ಣ, ಸ್ಕೇಲು ಹಿಡಿದೇ ಅಳೆಯಿರಿ, ಕಣ್ಣಂದಾಜು ಬೇಡ.