ಹಿತ್ತಲಿಗೆ ಬರುವ ಕಿತ್ತಳೆ ಬಣ್ಣದ ಹಾಡುಹಕ್ಕಿ ಯಾವುದು? ಬಲ್ಲವರು ಅನುಭವ ಹಂಚಿಕೊಳ್ಳಿ

ಪ್ರಶ್ನೆ: ಶಿರಸಿ ತಾಲೂಕಿನಿಂದ

ನಮ್ಮ ಮನೆಯ ಹಿತ್ತಲಿನಲ್ಲಿ ಬಚ್ಚಲ ನೀರು ಹರಿದುಹೋಗುವ ಕಡೆ ಬಾಳೆ ಮತ್ತು ಕೆಸು ಬೆಳೆದಿವೆ, ಅದರಾಚೆಗೆ ಅಡಿಕೆ ತೋಟವಿದೆ. ಏಪ್ರಿಲ್ ಕೊನೆಯಿಂದ ಅಲ್ಲಿಗೆ ಒಂದು ಅಪರಿಚಿತ ಹಕ್ಕಿ ಬರುತ್ತಿದೆ. ಗಾತ್ರದಲ್ಲಿ ಗೊರವಂಕಕ್ಕಿಂತ ತುಸು ಚಿಕ್ಕದು. ತಲೆ ಮತ್ತು ಎದೆ ಕಿತ್ತಳೆ ಬಣ್ಣ, ಬೆನ್ನು ನೀಲಿ ಬೆರೆತ ಬೂದು, ರೆಕ್ಕೆಯ ಮೇಲ್ಭಾಗದಲ್ಲಿ ಬಿಳಿ ಮಚ್ಚೆ. ನೆಲದ ಮೇಲೆ ಕುಪ್ಪಳಿಸುತ್ತ ಒಣ ಎಲೆಗಳನ್ನು ಕೊಕ್ಕಿನಿಂದ ಮಗುಚುತ್ತದೆ. ಒಮ್ಮೆ ಬೆನ್ನು ಹಸಿರಾಗಿ ಕಂಡಿತು ಎಂದು ಮಗಳು ಹೇಳುತ್ತಾಳೆ. ಬೆಳಗ್ಗೆ ಬಹಳ ಇಂಪಾಗಿ ಹಾಡುತ್ತದೆ, ಆದರೆ ಹಾಡಿನ ನಡುವೆ ಪಿಕಳಾರದ ದನಿ ಕೇಳಿದಂತಾಗುತ್ತದೆ. ಮೊಬೈಲಿನಲ್ಲಿ ತೆಗೆದ ಚಿತ್ರ ಮಸುಕಾಗಿದೆ. ನವರಂಗವೆಂದು ಕೆಲವರು, ಚಿತ್ರಪಕ್ಷಿಯೆಂದು ಇನ್ನು ಕೆಲವರು ಹೇಳುತ್ತಿದ್ದಾರೆ. ಇದನ್ನು ಖಚಿತವಾಗಿ ಗುರುತಿಸುವುದು ಹೇಗೆ? ಅಕ್ಕಿ ಅಥವಾ ಹಣ್ಣು ಇಡಬಹುದೇ?

ಉತ್ತರ: ಸಿದ್ದಾಪುರ ತಾಲೂಕಿನ ಕೃಷಿಕರೊಬ್ಬರಿಂದ

ಅಕ್ಕನವರಿಗೆ ನಮಸ್ಕಾರ. ಚಿತ್ರ ಮಸುಕಾಗಿದ್ದರೂ ತಾವು ಬರೆದ ವಿವರ ಸ್ಪಷ್ಟವಾಗಿದೆ. ನನ್ನ ತಿಳಿವಳಿಕೆಯಂತೆ ಇದು ಕಿತ್ತಳೆ ತಲೆಯ ನೆಲಸಿಳ್ಳಾರ. ಇಲ್ಲಿಯೇ ವರ್ಷವಿಡೀ ಇರುವ ಹಕ್ಕಿಯಾದರೂ ದಟ್ಟ ನೆರಳನ್ನು ಬಿಟ್ಟು ಹೊರಗೆ ಬರುವುದು ಕಡಿಮೆಯಾದ್ದರಿಂದ, ತೋಟದಲ್ಲಿಯೇ ದಿನ ಕಳೆಯುವವರಿಗೂ ಅದು ಹೊಸದೆನಿಸುತ್ತದೆ.

ಹೊಸ ಹಕ್ಕಿ ಕಂಡಾಗ ನಮ್ಮ ಕಣ್ಣು ಮೊದಲು ಹೋಗುವುದು ಬಣ್ಣದ ಮೇಲೆ. ಗುರುತಿಸುವವರು ಮಾತ್ರ ಬಣ್ಣವನ್ನು ಕೊನೆಗೆ ಇಟ್ಟುಕೊಂಡು, ಅದು ಎಲ್ಲಿತ್ತು, ಏನು ಮಾಡುತ್ತಿತ್ತು, ಮೈಕಟ್ಟು ಹೇಗಿತ್ತು ಎಂಬುದನ್ನು ಮೊದಲು ಕೇಳುವುದು ಒಳ್ಳೆಯದೆಂದು ನಾನು ನಂಬಿದ್ದೇನೆ. ತಮ್ಮ ಹಕ್ಕಿ ನೆಲದಲ್ಲಿ ಎಲೆ ಮಗುಚುತ್ತಿತ್ತು ಎಂಬ ಒಂದೇ ಮಾತಿನಿಂದ ಚಿತ್ರಪಕ್ಷಿಯನ್ನು ಪಟ್ಟಿಯಿಂದ ತೆಗೆದುಬಿಡಬಹುದು. ಚಿತ್ರಪಕ್ಷಿಯ ಗಂಡು ಕಪ್ಪು ಮತ್ತು ಕೆಂಗಿತ್ತಳೆ, ಹೆಣ್ಣು ಬೂದು ಮತ್ತು ಹಳದಿ. ಅವು ಗುಂಪಾಗಿ ಮರದ ನೆತ್ತಿಯಲ್ಲಿಯೇ ಒಂದು ಕೊಂಬೆಯಿಂದ ಇನ್ನೊಂದಕ್ಕೆ ಹುಳ ಹಿಡಿಯುತ್ತ ಸಾಗುತ್ತವೆ, ಬಚ್ಚಲ ಕೊಚ್ಚೆಗೆ ಇಳಿದು ಕೆದಕುವುದಿಲ್ಲ.

ನವರಂಗದ ಅನುಮಾನ ಬಂದದ್ದು ಸಹಜ, ಏಕೆಂದರೆ ಅದೂ ದರಕಿನ (ಉದುರಿದ ಒಣ ಎಲೆಗಳ) ನಡುವೆ ನೆಲದಲ್ಲಿಯೇ ಮೇಯುತ್ತದೆ, ಗಾತ್ರವೂ ಹೆಚ್ಚುಕಡಿಮೆ ಅಷ್ಟೇ. ಇವೆರಡನ್ನೂ ಬೇರೆ ಮಾಡುವುದಕ್ಕೆ ಬಾಲವನ್ನು ನೋಡಬೇಕು. ನವರಂಗಕ್ಕೆ ಬಾಲ ಇದೆಯೋ ಇಲ್ಲವೋ ಎನ್ನುವಷ್ಟು ಮೋಟು, ಕಾಲು ಉದ್ದ, ನಿಲುವು ನೆಟ್ಟಗೆ. ಬೆನ್ನು ಹಸಿರು, ಹೊಟ್ಟೆ ತಿಳಿ ಕಂದು, ಬಾಲದ ಬುಡದ ಅಡಿಯಲ್ಲಿ ಕಡುಗೆಂಪು, ಕಣ್ಣಿನ ಮೇಲೆ ಹಾದುಹೋಗುವ ದಪ್ಪ ಕರಿಪಟ್ಟಿ. ನೆಲಸಿಳ್ಳಾರಕ್ಕೆ ಸಾಧಾರಣ ಉದ್ದದ ಬಾಲವಿದ್ದು, ಒಟ್ಟು ಉದ್ದ ಸುಮಾರು 21 ಸೆಂ.ಮೀ. ಆಗುತ್ತದೆ, ತಾವು ಹೇಳಿದ ಬಿಳಿ ಮಚ್ಚೆ ಮಡಚಿದ ರೆಕ್ಕೆಯ ಹೆಗಲ ಹತ್ತಿರ ಎದ್ದು ಕಾಣುತ್ತದೆ.

ಇನ್ನೊಂದು ಗುರುತನ್ನು ತಾವು ಬರೆದಿಲ್ಲ, ಆದರೆ ನಮ್ಮ ಭಾಗದಲ್ಲಿ ಅದೇ ನಿರ್ಣಾಯಕ. ದಕ್ಷಿಣ ಭಾರತದ ನೆಲಸಿಳ್ಳಾರಕ್ಕೆ ಗಂಟಲು ಮತ್ತು ಕೆನ್ನೆ ಬಿಳಿ; ಆ ಬಿಳಿಯ ಮೇಲೆ ಕಣ್ಣಿನಿಂದ ಕೆಳಗೆ ಇಳಿದಂತೆ ಎರಡು ಕಡುಕಂದು ಗೀರುಗಳಿರುತ್ತವೆ. ಹಿಮಾಲಯದ ಕಡೆಯ ನೆಲಸಿಳ್ಳಾರದ ಮುಖದಲ್ಲಿ ಈ ಗೀರುಗಳಿರದೆ ಇಡೀ ತಲೆ ಕಿತ್ತಳೆಯಾಗಿರುವುದರಿಂದ, ಅಂತರ್ಜಾಲದಲ್ಲಿ ಸಿಗುವ ಚಿತ್ರಗಳೊಂದಿಗೆ ಹೋಲಿಸುವಾಗ ಬಹಳ ಜನ ಗೊಂದಲಕ್ಕೆ ಬೀಳುತ್ತಾರೆ. ಹಕ್ಕಿ ಎಲೆ ಮಗುಚಿ, ಒಂದು ಕ್ಷಣ ತಲೆ ಓರೆ ಮಾಡಿ ಎರೆಹುಳಕ್ಕಾಗಿ ನೆಲವನ್ನೇ ದಿಟ್ಟಿಸುವ ಅಭ್ಯಾಸವುಳ್ಳದ್ದು. ಕೆನ್ನೆಯ ಗೀರು ಕಾಣಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ.

ತಮ್ಮ ಮಗಳ ಮಾತನ್ನು ದಯವಿಟ್ಟು ತಳ್ಳಿಹಾಕಬೇಡಿ. ಗಂಡಿಗೆ ಬೆನ್ನು ನೀಲಿ ಬೂದು, ಹೆಣ್ಣಿಗೆ ಅದೇ ಜಾಗದಲ್ಲಿ ಕಂದು ಬೆರೆತ ಮಂಕು ಹಸಿರು ಛಾಯೆ. ಆಕೆ ನೋಡಿದ್ದು ಹೆಣ್ಣನ್ನೇ ಆಗಿದ್ದರೆ, ತಮ್ಮ ಹಿತ್ತಲಿಗೆ ಬರುತ್ತಿರುವುದು ಒಂದು ಹಕ್ಕಿಯಲ್ಲ, ಜೋಡಿ. ಮಳೆ ಹಿಡಿಯುವ ಹೊತ್ತಿಗೆ ಈ ಹಕ್ಕಿಗಳು ಗೂಡು ಕಟ್ಟುತ್ತವೆ. ನೆಲದಿಂದ ಬಹಳ ಎತ್ತರಕ್ಕೆ ಹೋಗದೆ, ಸಣ್ಣ ಮರದ ಕವಲಿನಲ್ಲಿ ಕಡ್ಡಿ, ಬೇರುಗಳ ಬಟ್ಟಲು ಮಾಡಿ ಮೂರು ನಾಲ್ಕು ಮೊಟ್ಟೆ ಇಡುತ್ತವೆ.

ಉತ್ತರ: ಕಾರವಾರದಿಂದ

ಮೇಲಿನವರ ಅಭಿಪ್ರಾಯವನ್ನು ನಾನೂ ಒಪ್ಪುತ್ತೇನೆ. ಆದರೆ ನವರಂಗದ ವಿಷಯದಲ್ಲಿ ಒಂದು ಮಾತು ಸೇರಿಸಬೇಕಾಗಿದೆ, ಏಕೆಂದರೆ ಅದು ವಲಸೆಯ ಹಕ್ಕಿ, ಬೇಸಿಗೆ ಮುಗಿಯುವಾಗ ಇರಲಾರದು ಎಂಬ ವಾದವೂ ಮುಂದೆ ಬರಬಹುದು. ದಕ್ಷಿಣದಲ್ಲಿ ನವರಂಗ ಹೆಚ್ಚಾಗಿ ಕಾಣುವುದು ಅಕ್ಟೋಬರಿನಿಂದ ಏಪ್ರಿಲ್ ವರೆಗೆ ಎಂಬುದು ನಿಜ. ಬಹುಪಾಲು ಹಕ್ಕಿಗಳು ಹಿಮಾಲಯದ ತಪ್ಪಲು ಮತ್ತು ಮಧ್ಯಭಾರತದ ಗುಡ್ಡಗಳಿಗೆ ಹೋಗಿ ಮರಿ ಮಾಡುತ್ತವೆ. ಆದರೆ ಪಶ್ಚಿಮ ಘಟ್ಟದಲ್ಲಿ ಕರ್ನಾಟಕದವರೆಗೂ ಅದು ಗೂಡು ಕಟ್ಟುವುದುಂಟು. ಆದ್ದರಿಂದ ನಮ್ಮ ಜಿಲ್ಲೆಯಲ್ಲಿ ತಿಂಗಳನ್ನು ಮಾತ್ರ ನೋಡಿ ಅದನ್ನು ಬದಿಗಿಡುವುದು ಸರಿಯಲ್ಲ, ಬಾಲ ಮತ್ತು ಕೆನ್ನೆಯನ್ನೇ ನೋಡಬೇಕು. ಅದರ ಕೂಗೂ ಬೇರೆ. ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ ಎರಡೇ ಸ್ವರದ ಗಟ್ಟಿ ಸಿಳ್ಳೆ ಹಾಕುತ್ತದೆಯೇ ಹೊರತು, ತಾವು ಬರೆದಂತೆ ರಾಗವಾಗಿ ಹಾಡುವುದಿಲ್ಲ. ಜೀವವಿಜ್ಞಾನದ ವರ್ಗೀಕರಣದಲ್ಲಿಯೂ ನವರಂಗವು ಹಾಡುಹಕ್ಕಿಗಳ ಉಪಗಣಕ್ಕೆ ಸೇರುವುದಿಲ್ಲ.

ತಿಂಗಳು ನಿಜಕ್ಕೂ ಸಹಾಯಕ್ಕೆ ಬರುವುದು ಇನ್ನೊಂದು ಹಕ್ಕಿಯ ವಿಷಯದಲ್ಲಿ. ಕದ್ರಾ, ಕೈಗಾ ಭಾಗದ ಕಾಡಂಚಿನಲ್ಲಿ ಚಳಿಗಾಲದಲ್ಲಿ ನೀಲಿ ತಲೆಯ ಬಂಡೆಸಿಳ್ಳಾರ ಕಾಣಿಸುತ್ತದೆ. ಅದರ ಗಂಡಿಗೂ ಕಿತ್ತಳೆ ಹೊಟ್ಟೆ, ರೆಕ್ಕೆಯಲ್ಲಿ ಬಿಳಿ ಮಚ್ಚೆ ಇರುವುದರಿಂದ ಎಷ್ಟೋ ಜನ ಇದನ್ನೂ ನೆಲಸಿಳ್ಳಾರವನ್ನೂ ಒಂದೇ ಎಂದುಕೊಳ್ಳುತ್ತಾರೆ. ತಲೆ ಮತ್ತು ಗಂಟಲು ನೀಲಿಯಾಗಿರುವುದು ಅದರ ಗುರುತು. ಕಿತ್ತಳೆ ಸೊಂಟದ ಮೇಲೂ ಇರುತ್ತದೆ. ಅದು ತಗ್ಗಿನ ಕೊಂಬೆಯ ಮೇಲೆ ಸುಮ್ಮನೆ ಕುಳಿತು, ಹುಳ ಕಂಡಾಗ ಮಾತ್ರ ಕೆಳಗಿಳಿದು ಮತ್ತೆ ಕೊಂಬೆಗೆ ಮರಳುತ್ತದೆ. ಬೇಸಿಗೆಯಲ್ಲಿ ಹಿಮಾಲಯಕ್ಕೆ ಹಿಂದಿರುಗುವ ಹಕ್ಕಿಯಾದ್ದರಿಂದ ಮೇ ತಿಂಗಳಲ್ಲಿ ಶಿರಸಿಯ ಹಿತ್ತಲಿನಲ್ಲಿ ಅದನ್ನು ನಿರೀಕ್ಷಿಸುವಂತಿಲ್ಲ. ನವೆಂಬರಿನಲ್ಲಿ ಇದೇ ಪ್ರಶ್ನೆ ಬಂದಿದ್ದರೆ ನಾನು ಮೊದಲು ಕೇಳುತ್ತಿದ್ದುದು ತಲೆಯ ಬಣ್ಣವನ್ನೇ.

ನಮ್ಮ ಕರಾವಳಿಯ ತೆಂಗಿನ ಹಿತ್ತಲುಗಳಲ್ಲಿ ನೀಲಿ ಬೆನ್ನು, ಕಿತ್ತಳೆ ಎದೆಯ ನೊಣಹಿಡುಕವೂ ಉಂಟು. ಅದು ಗುಬ್ಬಿಯ ಗಾತ್ರದ್ದು, ಹೊಟ್ಟೆಯ ಕೆಳಭಾಗ ಬಿಳಿ. ಗಾತ್ರ ಗೊತ್ತಿದ್ದರೆ ಗೊಂದಲವಿಲ್ಲ.

ಉತ್ತರ: ಕುಮಟಾದ ಶಿಕ್ಷಕಿಯೊಬ್ಬರಿಂದ

ಹಾಡಿನ ಬಗ್ಗೆ ತಾವು ಕೊಟ್ಟ ವಿವರ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿತು. ನೆಲಸಿಳ್ಳಾರ ಬೇರೆ ಹಕ್ಕಿಗಳ ದನಿಯನ್ನು ಅನುಕರಿಸುತ್ತದೆ. ಪಿಕಳಾರ, ಹರಟೆಮಲ್ಲ, ಸಿಂಪಿಗ ಇವುಗಳ ಸ್ವರಗಳನ್ನು ತನ್ನ ಹಾಡಿನೊಳಗೆ ಹೆಣೆದುಕೊಂಡು, ಎಲೆಗಳ ಮರೆಯಲ್ಲಿ ಕುಳಿತು ಬಹಳ ಹೊತ್ತು ಹಾಡುತ್ತದೆ. ಚಳಿಗಾಲದಲ್ಲಿ ಬಹುತೇಕ ಮೌನವಾಗಿರುವ ಈ ಹಕ್ಕಿ ಮರಿ ಮಾಡುವ ಕಾಲಕ್ಕೆ ದನಿ ತೆರೆಯುವುದರಿಂದ, ವರ್ಷವಿಡೀ ಅಲ್ಲಿಯೇ ಇದ್ದರೂ ಮನೆಯವರಿಗೆ ಈಗಷ್ಟೇ ಬಂದಂತೆ ತೋರುತ್ತದೆ. ಪ್ರಶ್ನೆ ಹುಟ್ಟಿದ್ದು ಏಪ್ರಿಲ್ ಕೊನೆಯಲ್ಲಿ ಎಂಬುದು ಇದಕ್ಕೆ ಸರಿಹೊಂದುತ್ತದೆ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿವಿಜ್ಞಾನ ಪ್ರಯೋಗಾಲಯ ರೂಪಿಸಿದ ಮರ್ಲಿನ್ ಎಂಬ ಆ್ಯಪ್ ಉಚಿತವಾಗಿ ದೊರೆಯುತ್ತದೆ. ನಮ್ಮ ಪ್ರದೇಶದ ಹಕ್ಕಿಗಳ ಮಾಹಿತಿಯನ್ನು ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಸಿಗದ ಹಳ್ಳಿಯಲ್ಲಿಯೂ ಅದು ದನಿ ಕೇಳಿ ಹೆಸರು ಸೂಚಿಸುತ್ತದೆ. ಆದರೆ ಅನುಕರಿಸುವ ಹಕ್ಕಿಯ ಮುಂದೆ ಅದನ್ನು ಪೂರ್ತಿ ನೆಚ್ಚಿಕೊಳ್ಳಬಾರದು. ಒಂದೇ ಹಾಡಿಗೆ ಮೂರು ನಾಲ್ಕು ಹೆಸರು ತೋರಿಸಿದರೆ ಆಶ್ಚರ್ಯವಿಲ್ಲ. ಧ್ವನಿಮುದ್ರಣವನ್ನು ಉಳಿಸಿಕೊಂಡು, ಹಾಡುತ್ತಿರುವ ಹಕ್ಕಿಯನ್ನು ಕಣ್ಣಾರೆ ಕಂಡಾಗ ಮಾತ್ರ ಎರಡನ್ನೂ ಜೋಡಿಸುವುದು ಒಳ್ಳೆಯದು. ದನಿಮುದ್ರಿಕೆಯನ್ನು ಹಕ್ಕಿಗೆ ಕೇಳುವಂತೆ ಮತ್ತೆ ಮತ್ತೆ ಹಾಕಿ ಅದನ್ನು ಹೊರಗೆ ಕರೆಯುವ ಪದ್ಧತಿಯೊಂದು ಹಬ್ಬುತ್ತಿದೆ. ದಯವಿಟ್ಟು ಅದನ್ನು ಮಾಡಬೇಡಿ. ಮರಿ ಮಾಡುವ ಕಾಲದಲ್ಲಿ ಗಂಡುಹಕ್ಕಿ ಬೇರೊಂದು ಗಂಡು ತನ್ನ ಜಾಗಕ್ಕೆ ನುಗ್ಗಿತೆಂದು ತಿಳಿದು, ಗೂಡು ಮತ್ತು ಆಹಾರ ಬಿಟ್ಟು ಆ ದನಿಯ ಹಿಂದೆ ಅಲೆಯುತ್ತದೆ.

ಬೆಳಕಿನ ಬಗ್ಗೆಯೂ ಒಂದು ಮಾತು. ಹಕ್ಕಿಗಳ ಗರಿಯ ನೀಲಿ ಸಾಮಾನ್ಯವಾಗಿ ವರ್ಣದ್ರವ್ಯದಿಂದ ಬರುವುದಲ್ಲ, ಗರಿಯೊಳಗಿನ ಸೂಕ್ಷ್ಮ ರಚನೆ ಬೆಳಕನ್ನು ಚದುರಿಸುವುದರಿಂದ ಕಾಣುವುದು. ಬೆಳಕು ಬೀಳದ ಕಡೆ ಅದೇ ಗರಿ ಕಪ್ಪಾಗಿ ಕಾಣುತ್ತದೆ. ಹಳ್ಳದ ಬದಿಯಲ್ಲಿ ಮನುಷ್ಯರಂತೆ ಸಿಳ್ಳೆ ಹಾಕುವ ದೊಡ್ಡ ಸಿಳ್ಳಾರವನ್ನು ನಮ್ಮ ಶಾಲೆಯ ಮಕ್ಕಳು ಕರಿಹಕ್ಕಿಯೆಂದೇ ಕರೆಯುತ್ತಿದ್ದರು. ಬಿಸಿಲಿನ ಕೋಲು ಅದರ ಹೆಗಲ ಮೇಲೆ ಬಿದ್ದಾಗಲೇ ಅಲ್ಲೊಂದು ಮಿರುಗುವ ನೀಲಿ ಇದೆಯೆಂದು ಅವರಿಗೆ ಗೊತ್ತಾಯಿತು. ಆದ್ದರಿಂದ ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ನೋಡಿ, ಬಣ್ಣದ ಜೊತೆ ಹೊತ್ತನ್ನೂ ಬರೆದಿಡಿ. ಮೊಬೈಲಿನಲ್ಲಿ ಚಿತ್ರಕ್ಕಿಂತ ವಿಡಿಯೊ ತೆಗೆಯುವುದು ಮೇಲು. ಬಣ್ಣ ಮಸುಕಾದರೂ ನಡಿಗೆ ಉಳಿಯುತ್ತದೆ, ಅನುಭವಿಗಳಿಗೆ ನಡಿಗೆಯೇ ಅರ್ಧ ಉತ್ತರ.

ಉತ್ತರ: ಶಿರಸಿಯ ಗೃಹಿಣಿಯೊಬ್ಬರಿಂದ

ತಂಗಿ, ಆಹಾರದ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವೆಂದು ಬರೆಯುತ್ತಿದ್ದೇನೆ. ಅಕ್ಕಿ ಹಾಕುವ ಅಗತ್ಯವಿಲ್ಲ. ಈ ಹಕ್ಕಿಗೆ ಬೇಕಾದದ್ದು ಎರೆಹುಳ, ಕೀಟ, ಬಸವನಹುಳು ಮತ್ತು ಬಿದ್ದ ಹಣ್ಣು. ಅದು ನಿಮ್ಮ ಬಚ್ಚಲ ಕಡೆಗೆ ಬರುತ್ತಿರುವುದು ಬೇಸಿಗೆಯಲ್ಲಿ ತೋಟದ ನೆಲ ಒಣಗಿದಾಗಲೂ ಅಲ್ಲಿನ ಮಣ್ಣು ತೇವವಾಗಿಯೇ ಉಳಿದು, ಎರೆಹುಳ ಮೇಲಕ್ಕೇ ಸಿಗುವ ಕಾರಣಕ್ಕೆ. ಆ ಜಾಗವನ್ನು ಗುಡಿಸಿ ಚೊಕ್ಕ ಮಾಡಿದರೆ ಹಕ್ಕಿ ಬರುವುದು ನಿಲ್ಲುತ್ತದೆ. ಬೆಟ್ಟದಿಂದ ತಂದ ದರಕಿನಲ್ಲಿ ಒಂದು ಹೆಡಿಗೆಯಷ್ಟನ್ನು ಬಾಳೆಯ ಬುಡದಲ್ಲಿ ಹರಡಿ ಹಾಗೆಯೇ ಬಿಟ್ಟುಬಿಡಿ. ಮುರುಗಲು ಹಣ್ಣು ಉದುರಿದರೆ ಎಲ್ಲವನ್ನೂ ಆಯ್ದುಕೊಳ್ಳದೆ ಒಂದಿಷ್ಟನ್ನು ನೆಲದಲ್ಲಿ ಬಿಡಬಹುದು.

ನೀರು ಇಡುವುದಾದರೆ ಅಗಲವಾದ ಮಣ್ಣಿನ ತಟ್ಟೆಯೋ ಅಂಚು ಮಡಚಿದ ಅಡಿಕೆ ಹಾಳೆಯೋ ಸಾಕು. ಆಳ ಎರಡು ಬೆರಳು ದಾಟಬಾರದು, ನಡುವೆ ಒಂದು ಕಲ್ಲು ಇರಲಿ, ನೀರನ್ನು ದಿನವೂ ಬದಲಿಸಬೇಕು. ಇಲ್ಲದಿದ್ದರೆ ಸೊಳ್ಳೆ ಆಗುತ್ತದೆ. ನಮ್ಮಲ್ಲಿ ಈ ಹಕ್ಕಿಗಿರುವ ದೊಡ್ಡ ಅಪಾಯ ಬೆಕ್ಕು. ಕೆಸುವಿನ ಮರೆಯಲ್ಲಿ ಹೊಂಚಿ ಕೂರುವ ಬೆಕ್ಕಿಗೆ ನೆಲದಲ್ಲಿ ಮೈಮರೆತು ಮೇಯುವ ಹಕ್ಕಿ ಸುಲಭವಾಗಿ ಸಿಗುತ್ತದೆ. ಆದ್ದರಿಂದ ತಟ್ಟೆಯನ್ನು ಗಿಡಗಳಿಗೆ ಒತ್ತಿ ಇಡದೆ ನಾಲ್ಕು ಮಾರು ದೂರದ ಬಯಲಿನಲ್ಲಿಡಿ, ಬೆಳಗ್ಗೆ ಹಕ್ಕಿ ಮೇಯುವ ಹೊತ್ತಿಗೆ ಬೆಕ್ಕನ್ನು ಒಳಗೆ ಕೂಡಿಹಾಕಿ. ಬಸವನಹುಳುವಿಗೆಂದು ಅಂಗಡಿಯಲ್ಲಿ ಸಿಗುವ ವಿಷದ ಗುಳಿಗೆಗಳನ್ನು ಆ ಜಾಗದಲ್ಲಿ ಹಾಕಲೇಬಾರದು. ವಿಷ ತಿಂದ ಹುಳುವನ್ನೇ ಹಕ್ಕಿ ತಿನ್ನುತ್ತದೆ.

ಗೂಡು ಕಂಡರೆ ಮಕ್ಕಳಿಗೆ ದೂರದಿಂದ ತೋರಿಸಿ, ಕೊಂಬೆ ಬಗ್ಗಿಸಿ ಚಿತ್ರ ತೆಗೆಯಬೇಡಿ. ನಾವು ಓಡಾಡಿದ ಜಾಡನ್ನು ಕಾಗೆ ಮತ್ತು ಕೆಂಬೂತ ಗಮನಿಸುತ್ತವೆ. ಹಕ್ಕಿ ಚೆಂದವಾಗಿ ಹಾಡುತ್ತದೆಂದು ಪಂಜರದ ಮಾತು ಎತ್ತುವವರೂ ನಮ್ಮ ಕಡೆ ಇದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದು ಅಪರಾಧವೆಂದು ಅವರಿಗೆ ನೇರವಾಗಿ ಹೇಳಿ.

ಇನ್ನು ಎರಡು ವಿವರ ಸಿಕ್ಕರೆ ಇಲ್ಲಿ ತಿಳಿಸಿ: ಕೆನ್ನೆಯ ಬಿಳಿಯ ಮೇಲೆ ಎರಡು ಗೀರು ಇವೆಯೇ, ಮತ್ತು ಹಸಿರು ಬೆನ್ನಿನದು ಬಂದಾಗ ಬೂದು ಬೆನ್ನಿನದೂ ಹತ್ತಿರದಲ್ಲಿಯೇ ಇರುತ್ತದೆಯೇ. ಎರಡಕ್ಕೂ ಹೌದು ಎಂದಾದರೆ, ಜೂನ್ ತಿಂಗಳು ಮುಗಿಯುವವರೆಗೆ ಆ ಬದಿಯ ಬೇಲಿಯನ್ನು ಸವರುವ ಕೆಲಸ ಇಟ್ಟುಕೊಳ್ಳಬೇಡಿ.