ಯೂನಿಫಾರ್ಮ್ ಕೊಳ್ಳುವ ಮುಂಚೆ: ಟೈಲರ್ ಅಕ್ಕನ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಶಾಲೆ ಬಾಗಿಲು ತೆಗೆಯಲು ಇನ್ನೊಂದು ವಾರ ಇದೆ. ಇವತ್ತು ತೀರ್ಥಹಳ್ಳಿಯ ಟೈಲರ್ ಅಕ್ಕ ನಮ್ಮ ಜೊತೆ ಇದ್ದಾರೆ. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಒಂಬತ್ತು ವರ್ಷ ದುಡಿದು, 2017ರಲ್ಲಿ ಊರಿಗೆ ಬಂದು ಅಂಗಡಿ ಹಾಕಿದವರು. ಮಕ್ಕಳ ಶಾಲೆ ಬಟ್ಟೆ ಕೊಳ್ಳುವಾಗ ಮನಸ್ಸಿಗೆ ಚುಚ್ಚುವ ವಿಷಯ ಏನಿದ್ದರೂ ಕೇಳಿ. ಯಾರು ಹೊಲಿದರು, ಎಷ್ಟು ಕೂಲಿ ಸಿಕ್ಕಿತು, ಬಟ್ಟೆಯಲ್ಲಿ ಏನಿದೆ, ಹೀಗೆ. ಫಾರ್ವರ್ಡ್ ದಯವಿಟ್ಟು ಬೇಡ.

ಟೈಲರ್ ಅಕ್ಕ: ನಮಸ್ಕಾರ. ಸೀಸನ್ ಟೈಮು, ಕಟಿಂಗ್ ಟೇಬಲ್ ಮೇಲೆ ಬಟ್ಟೆ ಗುಡ್ಡೆ ಬಿದ್ದಿದೆ. ಊಟದ ಹೊತ್ತಲ್ಲಿ, ಆಮೇಲೆ ರಾತ್ರಿ ಉತ್ತರ ಹಾಕುತ್ತೇನೆ. ಮೇಲಿನದು ಓದಿ ಆಮೇಲೆ ಕೇಳಿ.

ಭದ್ರಾವತಿಯ ಅಪ್ಪ: ಅಕ್ಕ, ಮಗನ ಶಾಲೆಯಲ್ಲಿ ಅವರ ಕೌಂಟರ್‌ನಲ್ಲೇ ಯೂನಿಫಾರ್ಮ್ ತಗೊಳ್ಳಬೇಕು ಅನ್ನುತ್ತಾರೆ. ಅದೇ ಬಟ್ಟೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಅರ್ಧ ರೇಟಿಗೆ ಇದೆ. ಮೊನ್ನೆ ಡಿಸೈನ್ ಬೇರೆ ಬದಲಾಯಿಸಿದ್ದಾರೆ. ಇದು ಸರಿಯಾ?

ಟೈಲರ್ ಅಕ್ಕ: ಸರಿಯಲ್ಲ. ಕರ್ನಾಟಕದಲ್ಲಿ 1995ರ ನಿಯಮ ಇದೆ. ಶಾಲೆಯಲ್ಲೇ ಕೊಳ್ಳಬೇಕು ಅಂತ ಕಡ್ಡಾಯ ಇಲ್ಲ, ಅದು ಪೋಷಕರ ಇಷ್ಟ. ಒಮ್ಮೆ ಗೊತ್ತು ಮಾಡಿದ ಯೂನಿಫಾರ್ಮ್ ಐದು ವರ್ಷ ಬದಲಾಯಿಸುವ ಹಾಗಿಲ್ಲ. ಬದಲಾಯಿಸುವುದಾದರೆ ಒಂದು ವರ್ಷ ಮೊದಲೇ ಪೋಷಕರಿಗೆ ತಿಳಿಸಬೇಕು. ಸಿಬಿಎಸ್‌ಇ ಕೂಡ 2017ರ ಏಪ್ರಿಲ್‌ನಲ್ಲಿ, ಇಂಥ ಕಡೆಯೇ ಕೊಳ್ಳಿ ಅಂತ ಒತ್ತಾಯ ಮಾಡಬೇಡಿ ಎಂದು ತನ್ನ ಶಾಲೆಗಳಿಗೆ ಬರೆದಿತ್ತು. ಆದರೆ ಒಬ್ಬರೇ ಹೋಗಿ ಕೂಗಾಡಬೇಡಿ, ನಿಮ್ಮ ಹುಡುಗನ ಮುಖ ನೆನಪಿಟ್ಟುಕೊಳ್ಳುತ್ತಾರೆ. ಹತ್ತು ಜನ ಸೇರಿ ಬರೆದು ಕೊಡಿ. ಬ್ಯಾಡ್ಜ್ ಮಾತ್ರ ಶಾಲೆಯಿಂದ ತಗೊಂಡರೆ ಸಾಕು, ಉಳಿದದ್ದು ಯಾವ ಟೈಲರ್ ಬೇಕಾದರೂ ಹೊಲಿದು ಕೊಡುತ್ತಾರೆ.

ಶಿಕಾರಿಪುರದ ಅಮ್ಮ: ಕಾಟನ್ ಒಳ್ಳೆಯದಾ ಪಾಲಿಸ್ಟರ್ ಒಳ್ಳೆಯದಾ? ಪಾಲಿಸ್ಟರ್ ಅಂದರೆ ಪ್ಲಾಸ್ಟಿಕ್ ಅಂತಾರೆ, ಮಗುವಿಗೆ ಹಾಕಲು ಪಾಪ ಅನ್ನಿಸುತ್ತದೆ.

ಟೈಲರ್ ಅಕ್ಕ: ಪ್ಲಾಸ್ಟಿಕ್ಕೇ ಹೌದು. ಪ್ರತಿ ಸಲ ಒಗೆದಾಗ ಸಣ್ಣ ಸಣ್ಣ ಎಳೆ ಉದುರಿ ಹಳ್ಳಕ್ಕೆ ಹೋಗುತ್ತದೆ. ಆದರೆ ಆಗುಂಬೆ ಕಡೆ ಜುಲೈ ತಿಂಗಳಲ್ಲಿ ನೂರಕ್ಕೆ ನೂರು ಕಾಟನ್ ಪ್ಯಾಂಟ್ ಒಣಗಿಸಿ ತೋರಿಸಿ ನೋಡುವ. ಬಚ್ಚಲೊಲೆ ಮೇಲೆ ಹಗ್ಗ ಕಟ್ಟಿ ಒಣಗಿಸಿದರೆ ಹೊಗೆ ವಾಸನೆ ಅಂತ ಮಕ್ಕಳು ಹಾಕುವುದಿಲ್ಲ. ಆಗ ಎರಡು ಜೊತೆ ಬದಲು ನಾಲ್ಕು ಜೊತೆ ಬೇಕು. ನಾನು ಹೇಳುವುದು ಇಷ್ಟು: ಮೈಗೆ ತಾಗುವ ಶರ್ಟ್, ಒಳಬಟ್ಟೆ ಕಾಟನ್ ಜಾಸ್ತಿ ಇರುವುದು ಇರಲಿ. ಪ್ಯಾಂಟ್, ಸ್ಕರ್ಟ್ ಮಿಕ್ಸ್ ಇರಲಿ. ಒಳ್ಳೆ ಮಿಕ್ಸ್ ಬಟ್ಟೆ ಅಣ್ಣನಿಂದ ತಮ್ಮನಿಗೆ ಬರುತ್ತದೆ. ನಾಲ್ಕು ವರ್ಷ ಬಾಳುವ ಮಿಕ್ಸ್‌ಗಿಂತ ಒಂದೇ ವರ್ಷಕ್ಕೆ ಒರೆಸುವ ಬಟ್ಟೆಯಾಗುವ ಕಾಟನ್ ಪುಣ್ಯದ್ದು ಅಂತ ನಾನು ಒಪ್ಪುವುದಿಲ್ಲ.

ಹೊಸನಗರದ ಮಾವ: ಉಪಯುಕ್ತ ಮಾಹಿತಿ, ಎಲ್ಲರಿಗೂ ತಲುಪಿಸಿ! ಹೊಸ ಯೂನಿಫಾರ್ಮನ್ನು ಕಲ್ಲುಪ್ಪು, ಪಟಿಕ, ವಿನೆಗರ್ ಹಾಕಿದ ನೀರಲ್ಲಿ ಒಂದು ರಾತ್ರಿ ನೆನೆಸಿದರೆ ಎಲ್ಲಾ ಕ್ಯಾನ್ಸರ್ ಕೆಮಿಕಲ್ ಹೊರಗೆ ಬರುತ್ತದೆ, ಬಣ್ಣ ಜನ್ಮದಲ್ಲಿ ಹೋಗುವುದಿಲ್ಲ. ಅಸಲಿ ಕಾಟನ್ ಹೌದೋ ಅಲ್ಲವೋ ಅಂತ ಬೆಂಕಿ ಹಚ್ಚಿ ನೋಡಿ!

ಟೈಲರ್ ಅಕ್ಕ: ಮಾವ, ಅಡ್ಮಿನ್ ಈಗ ತಾನೇ ಫಾರ್ವರ್ಡ್ ಬೇಡ ಅಂದರು. ಬಣ್ಣ ಹಾಕುವ ತೊಟ್ಟಿಯಲ್ಲಿ ಉಪ್ಪಿಗೆ ಕೆಲಸ ಇದೆ, ಹೊಲಿದು ಮುಗಿದ ಅಂಗಿಯಲ್ಲಿ ಇಲ್ಲ. ಅಜೋ ಅನ್ನುವ ಕೆಮಿಕಲ್ ಬಣ್ಣಗಳಲ್ಲಿ ಅಪಾಯದ 70ನ್ನು 1997ರಲ್ಲೇ ನಮ್ಮ ದೇಶದಲ್ಲಿ ನಿಷೇಧ ಮಾಡಿದ್ದಾರೆ. ಯಾರಾದರೂ ಕದ್ದು ಹಾಕಿದ್ದರೆ ಪಟಿಕಕ್ಕೆ ಅದು ಹೆದರಿ ಓಡುವುದಿಲ್ಲ. ಸುಕ್ಕು ಬೀಳದಿರಲಿ ಅಂತ ಬಟ್ಟೆಗೆ ಹಾಕುವ ಫಿನಿಶಿಂಗ್‌ನಲ್ಲಿ ಫಾರ್ಮಾಲ್ಡಿಹೈಡ್ ಅನ್ನುವ ಕೆಮಿಕಲ್ ಇರಬಹುದು. ಮೊದಲ ಸಲ ಹಾಕುವ ಮುಂಚೆ ಸೋಪಿನಲ್ಲಿ ಒಗೆದರೆ ಎಷ್ಟೋ ಹೋಗುತ್ತದೆ. ಅಷ್ಟೇ ಔಷಧಿ.

ಬೆಂಕಿ ವಿಷಯ ಗಟ್ಟಿಯಾಗಿ ಹೇಳುತ್ತೇನೆ: ಮನೆಯಲ್ಲಿ ಮಾಡಬೇಡಿ. ಪಾಲಿಸ್ಟರ್ ಕರಗಿ ಹನಿ ಬೀಳುತ್ತದೆ, ಚರ್ಮಕ್ಕೆ ಅಂಟಿದರೆ ಕಿತ್ತರೂ ಬರುವುದಿಲ್ಲ. ಮಿಕ್ಸ್ ಬಟ್ಟೆಯಾದರೆ ಕಾಟನ್ನಿನ ಬೂದಿಯೂ ಬರುತ್ತದೆ ಪಾಲಿಸ್ಟರಿನ ಗಂಟೂ ಬರುತ್ತದೆ, ನಿಮಗೆ ಎಂತ ಗೊತ್ತಾಗುತ್ತದೆ? ತಾನಿನ ಅಂಚು ನೋಡಿ. ಯಾವ ನೂಲು ಎಷ್ಟು ಭಾಗ ಅಂತ ಅಚ್ಚು ಹಾಕಬೇಕು ಎಂದು 1988ರ ನಿಯಮವೇ ಇದೆ. ಅಂಚು ತೋರಿಸದ ಅಂಗಡಿಯಲ್ಲಿ ಕೊಳ್ಳಬೇಡಿ.

ಹೊಸನಗರದ ಮಾವ: ಒಳ್ಳೇದಕ್ಕೆ ಹಾಕಿದ್ದು.

ಕೊಪ್ಪದ ಅಮ್ಮ: ಕಾಟನ್ ತಗೊಳ್ಳಲಾ ಪಾಲಿಸ್ಟರ್ ತಗೊಳ್ಳಲಾ ಅಕ್ಕ?

ಟೈಲರ್ ಅಕ್ಕ: ಮೇಲೆ ಇದೆ.

ಸಾಗರದ ಅಮ್ಮ: ಅಕ್ಕ, ನನಗೆ ಎರಡು ದಿನದಿಂದ ನಿದ್ದೆ ಸರಿಯಾಗಿಲ್ಲ. ಮಗಳ ಯೂನಿಫಾರ್ಮ್ ಅಂಗಡಿಯವರು ಹೇಳಿದ ದಿನಕ್ಕೆ ಕೊಡಲಿಲ್ಲ. ಹೊಲಿಯಲು ಕೊಟ್ಟ ಮನೆಯಿಂದಲೇ ತಗೊಳ್ಳಿ ಅಂತ ವಿಳಾಸ ಕೊಟ್ಟರು. ಹೋದರೆ ಅಮ್ಮ ಮಷೀನ್ ಮೇಲೆ, ಪಕ್ಕದಲ್ಲಿ ಹನ್ನೆರಡು ವರ್ಷದ ಹುಡುಗಿ ಗುಂಡಿ ಹಾಕುತ್ತಿದ್ದಳು. ನನ್ನ ಮಗಳದ್ದೇ ವಯಸ್ಸು. ಯಾವ ಕ್ಲಾಸು ಅಂತ ಕೇಳಿದೆ. ಆರನೇ ಕ್ಲಾಸಿಗೇ ಬಿಟ್ಟೆ ಅಂದಳು. ನನ್ನ ಮಗಳು ಶಾಲೆಗೆ ಹೋಗುವ ಅಂಗಿಗೆ ಶಾಲೆ ಬಿಟ್ಟ ಹುಡುಗಿ ಗುಂಡಿ ಹಾಕುತ್ತಿದ್ದಾಳೆ. ಆರ್ಡರ್ ಕ್ಯಾನ್ಸಲ್ ಮಾಡಲಾ? ಪೊಲೀಸರಿಗೆ ಹೇಳಲಾ?

ಟೈಲರ್ ಅಕ್ಕ: ಇದಕ್ಕೆ ರಾತ್ರಿ ಬರೆಯುತ್ತೇನೆ. ಅಲ್ಲಿಯವರೆಗೆ ಏನೂ ಮಾಡಬೇಡಿ.

ಬಟ್ಟೆ ಅಂಗಡಿ, ಶಿವಮೊಗ್ಗ: ಒಂದು ಮನೆ ನೋಡಿ ಎಲ್ಲಾ ಅಂಗಡಿಯವರನ್ನು ಕಳ್ಳರು ಮಾಡಬೇಡಿ. ಗಿರಾಕಿಗಳು ಇನ್ನೂರು ರೂಪಾಯಿಗೆ ಒಂದು ಗಂಟೆ ಚೌಕಾಸಿ ಮಾಡುತ್ತೀರಿ. ಆಮೇಲೆ ಕೂಲಿ ಎಷ್ಟು ಕೊಡುತ್ತೀರಿ ಅಂತ ನಮ್ಮನ್ನೇ ಕೇಳುತ್ತೀರಿ.

ಸೊರಬದ ಮೇಷ್ಟ್ರು: ನೀವು ಲಾಭದಲ್ಲಿ ಬಿಡಿ, ಕೂಲಿಯಲ್ಲಿ ಯಾಕೆ ಕಡಿಯುತ್ತೀರಿ?

ಬಟ್ಟೆ ಅಂಗಡಿ, ಶಿವಮೊಗ್ಗ: ಮೇಷ್ಟ್ರೇ, ತಿಂಗಳ ಒಂದನೇ ತಾರೀಖು ಸಂಬಳ ಬರುವವರಿಗೆ ಅಂಗಡಿ ಬಾಡಿಗೆ ಕಷ್ಟ ಗೊತ್ತಾಗುವುದಿಲ್ಲ.

ಸೊರಬದ ಮೇಷ್ಟ್ರು: ಬಾಡಿಗೆ ಕಷ್ಟ ಅಂತ ಹನ್ನೆರಡು ವರ್ಷದ ಹುಡುಗಿ ಗುಂಡಿ ಹಾಕಬೇಕಾ? ಒಂದು ಮಾತು ಎಲ್ಲರಿಗೂ: ಸರ್ಕಾರಿ ಶಾಲೆ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಲ್ಲಿ ಬಟ್ಟೆ ಉಚಿತ. ಹೊಲಿಸುವ ಕೂಲಿಯೇ ಎಷ್ಟೋ ಮನೆಗೆ ಭಾರ.

ಭದ್ರಾವತಿಯ ಅಪ್ಪ: ಹಾಗಾದರೆ ದೊಡ್ಡ ಬ್ರಾಂಡ್ ರೆಡಿಮೇಡ್ ತಗೊಂಡರೆ ತಲೆನೋವೇ ಇಲ್ಲ ಅಲ್ವಾ?

ಟೈಲರ್ ಅಕ್ಕ: 2013ರ ಏಪ್ರಿಲ್ 24ಕ್ಕೆ ಢಾಕಾ ಹತ್ತಿರ ರಾನಾ ಪ್ಲಾಜಾ ಅನ್ನುವ ಗಾರ್ಮೆಂಟ್ಸ್ ಕಟ್ಟಡ ಬಿತ್ತು. 1,134 ಜನ ಸತ್ತರು. ಗೋಡೆ ಬಿರುಕು ಬಿಟ್ಟದ್ದು ಹಿಂದಿನ ದಿನವೇ ಕಂಡಿತ್ತು, ಆದರೂ ಒಳಗೆ ಕಳಿಸಿದರು. ಅಲ್ಲಿ ಹೊಲಿಯುತ್ತಿದ್ದದ್ದು ವಿದೇಶದ ದೊಡ್ಡ ಬ್ರಾಂಡುಗಳ ಬಟ್ಟೆ. ಲೇಬಲ್ ದೊಡ್ಡದಿದ್ದ ಮಾತ್ರಕ್ಕೆ ಏನೂ ಆಗುವುದಿಲ್ಲ.

ನಮ್ಮಲ್ಲೂ ನೋಡಿ. ತಮಿಳುನಾಡಿನ ನೂಲಿನ ಗಿರಣಿಗಳಲ್ಲಿ 'ಸುಮಂಗಲಿ' ಅಂತ ಒಂದು ಸ್ಕೀಮ್ ನಡೆಯುತ್ತಿತ್ತು. ಹದಿಹರೆಯದ ಹುಡುಗಿಯರು ಮೂರು ವರ್ಷ ಹಾಸ್ಟೆಲಿನಲ್ಲಿ ಇದ್ದು ದುಡಿಯಬೇಕು, ಮದುವೆ ಖರ್ಚಿಗೆ ಕೊನೆಯಲ್ಲಿ ಒಟ್ಟಿಗೆ ಹಣ. ಮಧ್ಯದಲ್ಲಿ ಬಿಟ್ಟವರಿಗೆ ಎಷ್ಟೋ ಕಡೆ ಆ ಹಣ ಇಲ್ಲ. ಬೆಂಗಳೂರಲ್ಲಿ 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ಪೂರ್ತಿ ತೆಗೆಯಲು ಬಿಡದ ನಿಯಮವನ್ನು ಕೇಂದ್ರ ಸರ್ಕಾರ ತಂದಾಗ ಸಾವಿರಾರು ಹೆಂಗಸರು ರಸ್ತೆಗೆ ಇಳಿದರು. ನಾನೂ ಇದ್ದೆ. ಮಕ್ಕಳ ಫೀಸಿಗೆ ಅಂತ ನಮ್ಮ ಹತ್ತಿರ ಇದ್ದದ್ದೇ ಆ ಪಿಎಫ್. ಆ ನಿಯಮವನ್ನು ಸರ್ಕಾರ ವಾಪಸ್ ತಗೊಂಡಿತು.

ಕಳಸದ ಸೊಸೆ: ಆರ್ಗಾನಿಕ್ ಅಂತ ಬರೆದದ್ದು ಕೊಂಡರೆ?

ಟೈಲರ್ ಅಕ್ಕ: ಬರೀ ಆರ್ಗಾನಿಕ್ ಅಂತ ಬರೆಯಲು ಯಾರಿಗೂ ಕೈ ನೋಯುವುದಿಲ್ಲ. ಸಾವಯವ ಬಟ್ಟೆಗೆ ಕೊಡುವ ಗಾಟ್ಸ್ (GOTS) ಗುರುತು ಇದ್ದರೆ ಕನಿಷ್ಠ ನೂರಕ್ಕೆ 70 ಭಾಗ ಸಾವಯವ ನೂಲು ಇರಬೇಕು, ಕೆಲಸಗಾರರ ಬಗ್ಗೆಯೂ ಷರತ್ತು ಇದೆ. ಓಯಿಕೋ-ಟೆಕ್ಸ್ 100 ಅಂತ ಇದ್ದರೆ ಬಟ್ಟೆಯಲ್ಲಿ ವಿಷ ಇದೆಯಾ ಅಂತ ಪರೀಕ್ಷೆ ಮಾಡಿದ್ದಾರೆ ಅಂತ ಅರ್ಥ. ಹೊಲಿದವಳ ಕೂಲಿಗೂ ಅದಕ್ಕೂ ಸಂಬಂಧ ಇಲ್ಲ. ಶಾಲೆ ಯೂನಿಫಾರ್ಮಿಗೆ ಇವೆರಡೂ ಸಿಗುವುದು ಕಷ್ಟ. ದಿನಾ ಹಾಕುವ ಬಟ್ಟೆಗಾದರೆ ಹೆಗ್ಗೋಡಿನ ಹತ್ತಿರ ಭೀಮನಕೋಣೆಯಲ್ಲಿ ಚರಕ ಇದೆ. ಹೆಂಗಸರ ಸಹಕಾರ ಸಂಘ. ಕೈಮಗ್ಗ, ಗಿಡದ ಬಣ್ಣ, ನಮ್ಮ ಅಡಿಕೆ ಚೊಗರಿನ ಬಣ್ಣವೂ ಇದೆ. ಹೋಗಿ ಕಣ್ಣಾರೆ ನೋಡಬಹುದು.

ಭದ್ರಾವತಿಯ ಅಪ್ಪ: ಚೊಗರಿನ ಕಲೆ ನಮ್ಮ ತೋಟದಲ್ಲಿ ಬಿಟ್ಟಿಗೇ ಸಿಗುತ್ತದೆ, ಹೋಗುವುದೂ ಇಲ್ಲ 😀

ರಿಪ್ಪನ್‌ಪೇಟೆ ಅಣ್ಣ: ಶಾಲೆ ಶೂ ಬಗ್ಗೆ ಹೇಳಿ ಅಕ್ಕ. ಚರ್ಮದ್ದಾ, ರೆಕ್ಸಿನ್ನಾ?

ತೀರ್ಥಹಳ್ಳಿಯ ಅತ್ತಿಗೆ: ಒಂಬತ್ತನೇ ಕ್ಲಾಸಿನ ಮಗಳು ಅಕ್ಕನ ಹಳೇ ಯೂನಿಫಾರ್ಮ್ ಹಾಕಲ್ಲ ಅಂತ ಹಟ. ಚೆನ್ನಾಗೇ ಇದೆ. ಬಿಸಾಡುವುದು ತಪ್ಪಲ್ವಾ?

ಕೊಪ್ಪದ ಅಮ್ಮ: ನಮ್ಮ ಕಾಲದಲ್ಲಿ ಮೂರು ಜನ ಒಂದೇ ಲಂಗ ಹಾಕಿದ್ದೇವೆ. ಈಗಿನವಕ್ಕೆ ಕೊಬ್ಬು.

ಕಳಸದ ಸೊಸೆ: ಕೊಬ್ಬಲ್ಲ ಅಕ್ಕ. ಹೈಸ್ಕೂಲಿನಲ್ಲಿ ನಾನೂ ಬೇರೆಯವರ ಮನೆಯ ಹಳೇ ಬಟ್ಟೆ ಹಾಕಿ ಹೋದವಳು. ಕ್ಲಾಸಿನಲ್ಲಿ ಆ ಮನೆ ಹುಡುಗಿ, ಅದು ನನ್ನದು ಅಂತ ಎಲ್ಲರೆದುರು ಅಂದಳು. ಕೊಡುವವರಿಗೆ ಗೊತ್ತಾಗುವುದಿಲ್ಲ.

ಕೊಪ್ಪದ ಅಮ್ಮ: ಇದು ಅಕ್ಕನದ್ದಲ್ಲವಾ, ಬೇರೆಯವರದ್ದಾ? ಓದಿ ಮಾತಾಡಿ.

ಕಳಸದ ಸೊಸೆ: ಕೊಬ್ಬು ಅಂದದ್ದು ಯಾರು ಮೊದಲು?

ಅಡ್ಮಿನ್: ದಯವಿಟ್ಟು ವೈಯಕ್ತಿಕ ಬೇಡ.

ಟೈಲರ್ ಅಕ್ಕ: ಅತ್ತಿಗೆ, ಯಾಕೆ ಬೇಡ ಅಂತ ಮಗಳನ್ನು ಒಬ್ಬಳೇ ಕೂರಿಸಿ ಕೇಳಿ. ಹತ್ತಕ್ಕೆ ಎಂಟು ಸಲ ಹಳೇದು ಅಂತ ಅಲ್ಲ. ಎದೆ ಹತ್ತಿರ ಬಿಗಿ ಇರುತ್ತದೆ, ಒಗೆದು ಒಗೆದು ಬಿಳಿ ಶರ್ಟ್ ತೆಳ್ಳಗಾಗಿ ಒಳಗಿನದು ಕಾಣುತ್ತದೆ, ಬಸ್ಸಿನಲ್ಲಿ ನಾಚಿಕೆ. ಅಮ್ಮನಿಗೆ ಹೇಳುವುದಿಲ್ಲ, ಟೈಲರ್ ಹತ್ತಿರ ಅಳತೆ ಕೊಡುವಾಗ ಮೆಲ್ಲ ಹೇಳುತ್ತಾರೆ. ಪಕ್ಕದ ಹೊಲಿಗೆ ಬಿಚ್ಚಿ ಸಡಿಲ ಮಾಡಿಸಿ, ಒಳಗೆ ಲೈನಿಂಗ್ ಹಾಕಿಸಿ, ಒಂದು ಜೇಬು ಇಡಿಸಿ. ಹುಡುಗಿಯರ ಬಟ್ಟೆಗೆ ಜೇಬು ಬೇಡ ಅಂತ ಯಾರು ತೀರ್ಮಾನ ಮಾಡಿದರೋ, ಮುಟ್ಟಿನ ದಿನ ಪ್ಯಾಡ್ ಎಲ್ಲಿ ಇಟ್ಟುಕೊಳ್ಳಬೇಕು ಅಂತ ಯೋಚನೆ ಮಾಡಲಿಲ್ಲ. ಇಷ್ಟು ಮಾಡಿದ ಮೇಲೂ ಬೇಡ ಅಂದರೆ ಒಂದು ಜೊತೆ ಹೊಸದು ಕೊಡಿಸಿ. ಅದರಿಂದ ಪ್ರಪಂಚ ಮುಳುಗುವುದಿಲ್ಲ.

ಶೃಂಗೇರಿ ಕಡೆಯವರು: ಕಾಟನ್ ಒಳ್ಳೆಯದಾ ಅಥವಾ ಟೆರಿಕಾಟ್?

ಟೈಲರ್ ಅಕ್ಕ: ಮೇಲೆ. ಮೇಲೆ. ಮೇಲೆ.

ಟೈಲರ್ ಅಕ್ಕ: ಸಾಗರದ ತಂಗಿಗೆ. ಅಂಗಡಿ ಬಾಗಿಲು ಹಾಕಿ ಕೂತು ಬರೆಯುತ್ತಿದ್ದೇನೆ, ಉದ್ದ ಆಗುತ್ತದೆ.

ಆರ್ಡರ್ ಕ್ಯಾನ್ಸಲ್ ಮಾಡಬೇಡಿ. ಅಂಗಡಿಯವನಿಗೆ ನಷ್ಟ ಆಗುವುದಿಲ್ಲ, ಆ ಮನೆಯ ಈ ವಾರದ ಅಕ್ಕಿ ಹೋಗುತ್ತದೆ. ಈ ಜಾಬ್‌ವರ್ಕ್ ನಡೆಯುವುದು ಹೀಗೆ. ಶಾಲೆ ಅಂಗಡಿಗೆ ಆರ್ಡರ್ ಕೊಡುತ್ತದೆ, ಅಂಗಡಿ ಮೇಸ್ತ್ರಿಗೆ ಕೊಡುತ್ತದೆ, ಮೇಸ್ತ್ರಿ ಕತ್ತರಿಸಿದ ಬಟ್ಟೆಯನ್ನು ಕಟ್ಟು ಕಟ್ಟಿ ಮನೆ ಮನೆಗೆ ಹಂಚುತ್ತಾನೆ. ಪ್ರತಿ ಕೈಯಲ್ಲೂ ಸ್ವಲ್ಪ ಸ್ವಲ್ಪ ಕಡಿತ. ಕೊನೆಗೆ ಮಷೀನ್ ಮುಂದೆ ಕೂತವಳಿಗೆ ಪೀಸ್ ಲೆಕ್ಕ. ಕಾಜಾ, ಗುಂಡಿ, ಹೆಮ್ಮಿಂಗ್‌ಗೆ ಬೇರೆ ಕೂಲಿಯೇ ಇರುವುದಿಲ್ಲ, ಒಟ್ಟು ಪೀಸಿನಲ್ಲೇ ಸೇರಿಸಿರುತ್ತಾರೆ. ವಾರದೊಳಗೆ ಕೊಡಬೇಕು ಅಂದಾಗ ಮನೆಯಲ್ಲಿ ಖಾಲಿ ಇರುವ ಕೈ ಯಾವುದು? ಮಗುವಿನದು. ಅದಕ್ಕೇ ಹೇಳುವುದು, ಮೇ ಕೊನೆಯಲ್ಲಿ ಬಂದು ನಾಳೆಯೇ ಬೇಕು ಅನ್ನುವ ನಾವೆಲ್ಲರೂ ಆ ಕಟ್ಟಿನ ಭಾರಕ್ಕೆ ಸೇರಿದವರು. ಮಾರ್ಚ್‌ನಲ್ಲಿ ಆರ್ಡರ್ ಕೊಟ್ಟರೆ ಅದೇ ಹೆಂಗಸು ಒಬ್ಬಳೇ ಹೊಲಿದು ಮುಗಿಸುತ್ತಾಳೆ.

ಕಾನೂನು ಹೇಳುತ್ತೇನೆ. 2016ರ ತಿದ್ದುಪಡಿ ಆದ ಮೇಲೆ 14 ವರ್ಷದೊಳಗಿನವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವ ಹಾಗಿಲ್ಲ. ತಮ್ಮ ಮನೆಯವರಿಗೆ ದಿನದ ಶಾಲೆ ಮುಗಿದ ಮೇಲೆ, ರಜೆಯಲ್ಲಿ, ಅಪಾಯ ಇಲ್ಲದ ಕೆಲಸದಲ್ಲಿ ಸಹಾಯ ಮಾಡಬಹುದು ಅಂತ ಒಂದು ವಿನಾಯಿತಿ ಇಟ್ಟಿದ್ದಾರೆ. ಏಳನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ ನಾನೂ ಅಮ್ಮನ ಪಕ್ಕ ಕೂತು ಗುಂಡಿ ಹಾಕಿದ್ದೇನೆ. ಶಾಲೆ ಶುರುವಾದ ದಿನ ಅಮ್ಮ ಕೈಯಿಂದ ಸೂಜಿ ಕಿತ್ತುಕೊಂಡು ಚೀಲ ಕೊಟ್ಟಳು. ಈ ಹುಡುಗಿಯ ಕೈಯಿಂದ ಯಾರೂ ಸೂಜಿ ಕಿತ್ತುಕೊಂಡಿಲ್ಲ. ನನಗೆ ಹೆದರಿಕೆ ಆಗುವುದು ಅಲ್ಲಿ.

ಆದ್ದರಿಂದ ಬಟ್ಟೆ ತಗೊಳ್ಳುವ ನೆಪದಲ್ಲಿ ಇನ್ನೊಮ್ಮೆ ಹೋಗಿ. ಅಂಗಡಿಯವರು ಜೊತೆಗೆ ಬೇಡ. ಅಮ್ಮನಿಗೆ ಬುದ್ಧಿ ಹೇಳಬೇಡಿ, ಶಾಲೆ ಯಾಕೆ ಬಿಟ್ಟಳು ಅಂತ ಕೇಳಿ. ಟಿಸಿ ಇಲ್ಲ, ತಡವಾಯಿತು, ವಯಸ್ಸು ಮೀರಿತು ಅನ್ನಬಹುದು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 6ರಿಂದ 14 ವರ್ಷದ ಮಗುವನ್ನು ಇದ್ಯಾವುದೂ ಹೇಳಿ ವಾಪಸ್ ಕಳಿಸುವ ಹಾಗಿಲ್ಲ, ವಯಸ್ಸಿಗೆ ತಕ್ಕ ಕ್ಲಾಸಿಗೇ ಸೇರಿಸಿಕೊಳ್ಳಬೇಕು. ನೀವೇ ಹತ್ತಿರದ ಸರ್ಕಾರಿ ಶಾಲೆಯ ಹೆಡ್‌ಮೇಡಂ ಹತ್ತಿರ ಮಾತಾಡಿ. ಆ ಮನೆ ಅವಳದ್ದಲ್ಲ, ಯಾರೋ ಕೆಲಸಕ್ಕೆ ತಂದಿಟ್ಟಿದ್ದಾರೆ ಅಂತ ಅನುಮಾನ ಬಂದರೆ, ಅಥವಾ ಹೊಡೆತದ ಗುರುತು ಕಂಡರೆ, ಯೋಚನೆ ಮಾಡದೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಆಮೇಲೆ ಅಂಗಡಿಯವರನ್ನು ಕೇಳಿ: ಹೊಲಿಗೆ ಎಲ್ಲಿ, ಪೀಸಿಗೆ ಎಷ್ಟು. ಜಗಳ ಬೇಡ, ಪ್ರತಿ ವರ್ಷ ಕೇಳಿ.

ಬಟ್ಟೆ ಅಂಗಡಿ, ಶಿವಮೊಗ್ಗ: ನೀವು ನಿಮ್ಮ ಹೆಲ್ಪರ್‌ಗೆ ಎಷ್ಟು ಕೊಡುತ್ತೀರಿ ಅಕ್ಕ? ಅದನ್ನೂ ಹೇಳಿ.

ಟೈಲರ್ ಅಕ್ಕ: ಒಂದು ಶರ್ಟಿನ ಹೊಲಿಗೆ ಕೂಲಿಯಲ್ಲಿ ಅರ್ಧ ಅವಳಿಗೆ, ದಾರ ಕರೆಂಟು ನನ್ನದು. ಮಳೆಗಾಲದಲ್ಲಿ ಕೆಲಸ ಇಲ್ಲದಾಗ ಏನೂ ಕೊಡಲು ಆಗುವುದಿಲ್ಲ, ಅದು ಸರಿಯಲ್ಲ ಅಂತ ನನಗೂ ಗೊತ್ತು. ಈಗ ನೀವು ಹೇಳಿ.

ಸೊರಬದ ಮೇಷ್ಟ್ರು: ಕಾಯುತ್ತಿದ್ದೇವೆ.

ಸೊರಬದ ಮೇಷ್ಟ್ರು: ಇನ್ನೂ ಕಾಯುತ್ತಿದ್ದೇವೆ.

ಬಟ್ಟೆ ಅಂಗಡಿ, ಶಿವಮೊಗ್ಗ: ಕೆಲಸ ಇಲ್ಲದವರ ಜೊತೆ ವಾದ ಮಾಡುವುದಿಲ್ಲ.

ಹೊಸನಗರದ ಮಾವ: ಕರಿಬೇವು ನೀರಲ್ಲಿ ಒಗೆದರೆ ಕಪ್ಪು ಪ್ಯಾಂಟ್ ಮಾಸುವುದಿಲ್ಲ ಅಂತ ಬಂದಿದೆ, ನಿಜವಾ?

ಟೈಲರ್ ಅಕ್ಕ: ಕರಿಬೇವು ಒಗ್ಗರಣೆಗೆ ಹಾಕಿ ಮಾವ.

ಸಾಗರದ ಅಮ್ಮ: ಅಕ್ಕ, ಇವತ್ತು ಹೋಗಿದ್ದೆ. ಅದು ಅವಳ ಮನೆಯೇ. ಅಪ್ಪ ತೀರಿಕೊಂಡ ವರ್ಷ ಬಿಟ್ಟಳಂತೆ. ಶಾಲೆಯಲ್ಲಿ ಕರೆದುಕೊಂಡು ಬನ್ನಿ ಅಂದರು. ಅಮ್ಮ ಮಾತ್ರ "ನೋಡುವ" ಅಂದಿದ್ದಾರೆ. ಹುಡುಗಿ ಏನೂ ಮಾತಾಡಲಿಲ್ಲ, ಗೇಟಿನವರೆಗೆ ಬಂದಳು.

ಟೈಲರ್ ಅಕ್ಕ: ಶಾಲೆ ಶುರುವಾದ ದಿನ ಮತ್ತೆ ಹೋಗಿ. ಶಾಲೆಯಿಂದ ಬಟ್ಟೆ ಸಿಕ್ಕಿದ ಮೇಲೆ ಭುಜ, ಎದೆ, ಉದ್ದ ಮೂರು ಅಳತೆ ಕಳಿಸಿ, ಹೊಲಿಗೆ ನನ್ನದು. ಕೆಳಗೆ ಮೂರು ಇಂಚು ಮಡಿಕೆ ಬಿಡುತ್ತೇನೆ, ಎರಡು ವರ್ಷ ಬರುತ್ತದೆ.

ರಿಪ್ಪನ್‌ಪೇಟೆ ಅಣ್ಣ: ಅಕ್ಕ, ಶೂ?