ಮೊದಲ ಲಾಕ್‌ಡೌನ್ ಡ್ರಿಲ್ ಆದ ದಿನ ಮಗಳು ಕ್ಲಾಸೆಟ್‌ನಲ್ಲಿ ಅಡಗಿ ಕೂತಿದ್ದಳು. ಅವಳಿಗೆ ಏನು ಹೇಳಲಿ?

ಮಲೆನಾಡ ಸೊಸೆ, ಎಡಿಸನ್, ನ್ಯೂಜೆರ್ಸಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಮಗಳಿಗೆ ಐದು ವರ್ಷ. ಈ ಸೆಪ್ಟೆಂಬರ್‌ನಲ್ಲಿ ಕಿಂಡರ್‌ಗಾರ್ಟನ್ ಸೇರಿದಳು. ಅತ್ತೆ ತೀರ್ಥಹಳ್ಳಿಯಿಂದ ಆರು ತಿಂಗಳಿಗೆಂದು ಬಂದಿದ್ದಾರೆ. ಹೋದ ಮಂಗಳವಾರ ಸಂಜೆ ನಾನು ಆಫೀಸ್ ಕಾಲ್‌ನಲ್ಲಿದ್ದೆ. ಅತ್ತೆ ಗಾಬರಿಯಿಂದ ರೂಮಿಗೆ ಬಂದು, "ಪುಟ್ಟಿ ಎಲ್ಲೂ ಕಾಣ್ತಿಲ್ಲ ಕಣೇ" ಅಂದರು. ಹೆಡ್‌ಫೋನ್ ಕಿತ್ತೆಸೆದು ಹುಡುಕಿದೆ. ಹಿತ್ತಲು, ಗ್ಯಾರೇಜ್, ಮಂಚದ ಕೆಳಗೆ. ಕೊನೆಗೆ ನಮ್ಮ ಕ್ಲಾಸೆಟ್‌ನಲ್ಲಿ ಸಿಕ್ಕಳು. ಚಳಿಗಾಲದ ಕೋಟುಗಳ ಹಿಂದೆ, ಮಂಡಿ ಎದೆಗೆ ಒತ್ತಿಕೊಂಡು ಕೂತಿದ್ದಳು. ಬಾಯಿ ಮೇಲೆ ಬೆರಳಿಟ್ಟು, "ಶ್! ಅಜ್ಜಿ, ಮಾತಾಡಬೇಡ. ಲೈಟ್ ಆರಿಸು. ಅವನಿಗೆ ಕೇಳಿಸುತ್ತೆ" ಅಂದಳು.

"ಯಾರಿಗೆ ಪುಟ್ಟಿ?" ಅಂದೆ.

"ಗೊತ್ತಿಲ್ಲ. ಸ್ಕೂಲಿಗೆ ಬರ್ತಾನಲ್ಲ, ಅವನಿಗೆ."

ಅವತ್ತು ಅವರ ಶಾಲೆಯಲ್ಲಿ ಲಾಕ್‌ಡೌನ್ ಡ್ರಿಲ್ ಆಗಿತ್ತು, ಅಂದರೆ ಗನ್ ಹಿಡಿದು ಯಾರಾದರೂ ಶಾಲೆಗೆ ನುಗ್ಗಿದರೆ ಅಡಗಿ ಕೂರುವ ಅಭ್ಯಾಸ. ಮಧ್ಯಾಹ್ನವೇ ಇಮೇಲ್ ಬಂದಿತ್ತು. ನಾನು ತೆರೆದಿರಲಿಲ್ಲ.

ನಾನು ಓದಿದ್ದು ಶಿವಮೊಗ್ಗದ ಸರ್ಕಾರಿ ಶಾಲೆಯಲ್ಲಿ. ನನಗೆ ಡ್ರಿಲ್ ಅಂದರೆ ಡ್ರಿಲ್ ಮೇಷ್ಟ್ರು, ಅವರ ಸೀಟಿ, ಬಿಳಿ ಕ್ಯಾನ್ವಾಸ್ ಶೂ, ಆಗಸ್ಟ್ 15ರ ಮುಂಚಿನ ಕವಾಯತು. ಅದೇ ಪದ ನನ್ನ ಮಗಳಿಗೆ ಕತ್ತಲಲ್ಲಿ ಉಸಿರು ಬಿಗಿ ಹಿಡಿದು ಕೂರುವುದು. ಆ ರಾತ್ರಿ ಅತ್ತೆ ಊಟ ಬಿಟ್ಟರು. "ಬೆಂಕಿ ಬಿದ್ರೆ ಓಡೋದು ಕಲಿಸ್ತಾರೆ, ಸರಿ. ಇಷ್ಟು ಸಣ್ಣ ಮಗೂಗೆ ಯಾರೋ ಹೊಡೆಯೋಕೆ ಬರ್ತಾನೆ ಅಂತ ಕಲಿಸ್ತಾರಾ? ಎಂಥಾ ಊರಿಗೆ ಬಂದು ಸೇರಿದ್ರಿ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಒಳಗೆ ನಿಜವಾಗಿ ಏನು ಮಾಡಿಸುತ್ತಾರೆ? ಮುಂದಿನ ಡ್ರಿಲ್ ದಿನ ಅವಳನ್ನು ಮನೆಯಲ್ಲೇ ಇರಿಸಿಕೊಂಡರೆ ತಪ್ಪಾ? ಸುಳ್ಳು ಹೇಳಲು ಇಷ್ಟವಿಲ್ಲ, ನಿಜ ಹೇಳಲು ಧೈರ್ಯವಿಲ್ಲ. ನಿಮ್ಮ ಮನೆಯಲ್ಲಿ ಯಾವ ಮಾತು ಬಳಸಿದಿರಿ, ಅದನ್ನೇ ಬರೆಯಿರಿ.

ಒಂದನೇ ಕ್ಲಾಸ್ ಟೀಚರ್

ನಾನು ಧಾರವಾಡದವಳು. ನಿಮ್ಮ ರಾಜ್ಯದಲ್ಲೇ ಹನ್ನೊಂದು ವರ್ಷದಿಂದ ಸಣ್ಣ ಮಕ್ಕಳಿಗೆ ಪಾಠ ಮಾಡುತ್ತಿದ್ದೇನೆ. ಬಾಗಿಲ ಒಳಗೆ ಏನಾಗುತ್ತದೆ ಅಂತ ಹೇಳುತ್ತೇನೆ, ಅದು ಗೊತ್ತಾದರೆ ಅರ್ಧ ಭಯ ಇಳಿಯುತ್ತದೆ.

ಮೈಕಿನಲ್ಲಿ "ಲಾಕ್‌ಡೌನ್" ಅಂತ ಕೇಳಿದ ತಕ್ಷಣ ನಾನು ಬಾಗಿಲಿಗೆ ಬೀಗ ಹಾಕುತ್ತೇನೆ. ಬಾಗಿಲಿನ ಗಾಜಿನ ಮೇಲೆ ಪರದೆ ಎಳೆಯುತ್ತೇನೆ, ಲೈಟ್ ಆರಿಸುತ್ತೇನೆ. ಮಕ್ಕಳು ಪುಸ್ತಕದ ಕಪಾಟಿನ ಪಕ್ಕದ ಮೂಲೆಗೆ ಬಂದು ಕೂರುತ್ತಾರೆ. ಹೊರಗಿನಿಂದ ಇಣುಕಿದರೆ ಕೋಣೆ ಖಾಲಿ ಅನಿಸಬೇಕು, ಅಷ್ಟೇ ಲೆಕ್ಕ. ನಾನು ಪಿಸುಮಾತಿನಲ್ಲಿ ತಲೆ ಎಣಿಸುತ್ತೇನೆ. ಯಾರು ಬಾಗಿಲು ತಟ್ಟಿದರೂ ತೆಗೆಯುವುದಿಲ್ಲ, ಪ್ರಿನ್ಸಿಪಾಲರ ದನಿ ಕೇಳಿದರೂ ಇಲ್ಲ. ಹೊರಗಿನವರೇ ಕೀ ಹಾಕಿ ತೆಗೆಯಬೇಕು. ನಾಲ್ಕೈದು ನಿಮಿಷದಲ್ಲಿ ಮುಗಿಯುತ್ತದೆ.

ಬೀಗಕ್ಕೆ ಯಾಕಿಷ್ಟು ಒತ್ತು ಅಂದರೆ, ಅದರ ಹಿಂದೆ ದೊಡ್ಡ ನೋವಿದೆ. 2012ರ ಡಿಸೆಂಬರ್ 14ರಂದು ಕನೆಕ್ಟಿಕಟ್‌ನ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು, 6 ಜನ ಸಿಬ್ಬಂದಿ ಗುಂಡಿಗೆ ಸತ್ತರು. ಆಮೇಲೆ ಆ ರಾಜ್ಯ ಒಂದು ಆಯೋಗ ಮಾಡಿತು. ಪ್ರತಿ ಕ್ಲಾಸಿನ ಬಾಗಿಲಿಗೂ ಟೀಚರ್ ಒಳಗಿನಿಂದಲೇ ಹಾಕಬಹುದಾದ ಬೀಗ ಇರಬೇಕು ಅಂತ 2015ರಲ್ಲಿ ಅದು ಹೇಳಿತು. ನಾನು ದಿನಾ ಬೆಳಿಗ್ಗೆ ಕ್ಲಾಸಿಗೆ ಹೋದ ಕೂಡಲೇ ನನ್ನ ಬಾಗಿಲಿನ ಬೀಗ ಒಮ್ಮೆ ತಿರುಗಿಸಿ ನೋಡುತ್ತೇನೆ. ನಿಮ್ಮ ಶಾಲೆಗೆ ಹೋದಾಗ ನೀವೂ ಕೇಳಿ, "ಎಲ್ಲ ಕ್ಲಾಸಿನ ಬೀಗವೂ ಕೆಲಸ ಮಾಡುತ್ತಾ?" ಅಂತ. ಅದು ನಿಮ್ಮ ಹಕ್ಕು.

ನ್ಯೂಜೆರ್ಸಿಯಲ್ಲಿ ಪ್ರತಿ ತಿಂಗಳೂ ಒಂದು ಫೈರ್ ಡ್ರಿಲ್, ಒಂದು ಸೆಕ್ಯುರಿಟಿ ಡ್ರಿಲ್ ಕಡ್ಡಾಯ. 2022ರ ಜನವರಿಯಲ್ಲಿ ಸಹಿಯಾದ ಕಾನೂನು ಇನ್ನೂ ಕೆಲವು ಕಟ್ಟುಪಾಡು ಹಾಕಿದೆ. ಡ್ರಿಲ್‌ನಲ್ಲಿ ನಕಲಿ ರಕ್ತ, ಗನ್, ಗುಂಡಿನ ಸದ್ದು ಯಾವುದೂ ಇರಬಾರದು. ಮಕ್ಕಳ ಕೈಲಿ ಗಾಯಗೊಂಡವರ ಪಾತ್ರ ಮಾಡಿಸಬಾರದು. ಇದು ಡ್ರಿಲ್, ಈಗ ಅಪಾಯ ಏನೂ ಇಲ್ಲ ಅಂತ ಮಕ್ಕಳಿಗೆ ಅರ್ಥವಾಗುವ ಹಾಗೆ ಹೇಳಬೇಕು. ಅವತ್ತೇ ಅಪ್ಪ ಅಮ್ಮಂದಿರಿಗೆ ಬರೆದು ತಿಳಿಸಬೇಕು. ನಿಮಗೆ ಬಂದದ್ದು ಅದೇ ಇಮೇಲ್. ಎಲ್ಲ ಕಡೆ ಹೀಗಿರಲಿಲ್ಲ. 2019ರಲ್ಲಿ ಇಂಡಿಯಾನಾದ ಒಂದು ಶಾಲೆಯಲ್ಲಿ ತರಬೇತಿ ಅಂತ ಟೀಚರ್‌ಗಳನ್ನೇ ಗೋಡೆಗೆ ಮುಖ ಮಾಡಿ ಮಂಡಿಯೂರಿಸಿ ಪ್ಲಾಸ್ಟಿಕ್ ಗುಂಡು ಹೊಡೆದಿದ್ದರು. ಹಾಗೆ ಹೆದರಿಸಿದರೆ ಯಾರೂ ಏನೂ ಕಲಿಯುವುದಿಲ್ಲ. ಮಕ್ಕಳ ವೈದ್ಯರ ಸಂಘ, ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, 2020ರಲ್ಲಿ ಇಂಥ ಡ್ರಿಲ್‌ಗಳನ್ನು ವಿರೋಧಿಸಿತು.

ಮನೆಯಲ್ಲಿ ಇರಿಸಿಕೊಳ್ಳಬೇಡಿ. ಉಳಿದವರೆಲ್ಲ ಮೂಲೆಗೆ ಓಡಿದಾಗ ಅವಳೊಬ್ಬಳು ಏನು ಮಾಡಬೇಕು ಅಂತ ಗೊತ್ತಾಗದೆ ನಿಂತರೆ ಕಷ್ಟ. ನಾನು ನನ್ನ ಮಕ್ಕಳಿಗೆ ಹೇಳುವ ಮಾತು ಇದು: "ಬಾಗಿಲು ನೋಡಿಕೊಳ್ಳೋದು ಮಿಸ್ ಕೆಲಸ. ಮಿಸ್ ಮಾತು ಕೇಳೋದು ನಿನ್ನ ಕೆಲಸ." ಅಷ್ಟು ಸಾಕು ಆ ವಯಸ್ಸಿಗೆ. ಕೆಟ್ಟವನು, ಗನ್ ಅಂತ ನಾವು ಕಿಂಡರ್‌ಗಾರ್ಟನ್‌ನಲ್ಲಿ ಹೇಳುವುದಿಲ್ಲ. ಹಾಗಾದರೆ ಆ "ಅವನು" ಎಲ್ಲಿಂದ ಬಂದ? ನಿಧಾನವಾಗಿ ಕೇಳಿ ನೋಡಿ. ಸಾಮಾನ್ಯವಾಗಿ ಬಸ್ಸಿನಲ್ಲಿ ದೊಡ್ಡ ಮಕ್ಕಳು ಹೇಳಿರುತ್ತಾರೆ.

ಆಸ್ಟಿನ್ ಅಪ್ಪ

ಟೀಚರಮ್ಮ ಹೇಳಿದ್ದು ಸರಿ. ಒಂದು ಮಾತು ಮಾತ್ರ ಸೇರಿಸಬೇಕು. ಮಕ್ಕಳು ತಮ್ಮ ಪಾಲಿನ ಕೆಲಸ ಸರಿಯಾಗಿಯೇ ಮಾಡುತ್ತಾರೆ. ದೊಡ್ಡವರು ಮಾಡಬೇಕಲ್ಲ?

ಇದೇ ಟೆಕ್ಸಾಸಿನ ಯುವಾಲ್ಡಿ ಊರು ನಮ್ಮಿಂದ ಮೂರು ಗಂಟೆ ದಾರಿ. 2022ರ ಮೇ 24. ಅಲ್ಲಿನ ಶಾಲೆಯಲ್ಲಿ 19 ಮಕ್ಕಳು, 2 ಟೀಚರ್ ಗುಂಡಿಗೆ ಬಲಿಯಾದರು. ಮಕ್ಕಳು ಕಲಿತ ಹಾಗೆ ಸುಮ್ಮನೆ ಅಡಗಿದ್ದರು, ಒಳಗಿನಿಂದ ತುರ್ತು ನಂಬರ್ 911ಕ್ಕೆ ಪಿಸುಗುಟ್ಟಿದರು. ಪೊಲೀಸರು ಅದೇ ಶಾಲೆಯ ಓಣಿಯಲ್ಲಿ 77 ನಿಮಿಷ ನಿಂತಿದ್ದರು. 1999ರಲ್ಲಿ ಕೊಲಂಬೈನ್‌ನಲ್ಲಿ ಶಾಲೆಯ ಮೇಲೆ ದಾಳಿ ಆದಾಗ ಪೊಲೀಸರು ಹೊರಗೆ ಕಾದು ತಪ್ಪಾಯಿತು ಅಂತಲೇ ದೇಶದ ತರಬೇತಿ ಬದಲಾಗಿತ್ತು. ಮೊದಲು ಬಂದ ಪೊಲೀಸರೇ ಕಾಯದೆ ಒಳಗೆ ನುಗ್ಗಬೇಕು ಅಂತ. ಅದನ್ನು ಕಲಿಸುವ ಅಲರ್ಟ್ ಕೇಂದ್ರ ಇರುವುದು ನಮ್ಮ ಪಕ್ಕದ ಸ್ಯಾನ್ ಮಾರ್ಕೋಸ್‌ನಲ್ಲೇ, ಟೆಕ್ಸಾಸ್ ಸ್ಟೇಟ್ ಯೂನಿವರ್ಸಿಟಿಯಲ್ಲಿ. ಆ ದಾರಿಯಲ್ಲಿ ಹೋಗುವಾಗೆಲ್ಲ ನನಗೆ ಹೊಟ್ಟೆ ಕಿವುಚುತ್ತದೆ. ಪಾಠ ಅಷ್ಟು ಹತ್ತಿರ ಇತ್ತು. ಮಕ್ಕಳನ್ನು ಅದು ಮುಟ್ಟಲಿಲ್ಲ.

ಆಮೇಲೆ 2023ರಲ್ಲಿ ಇಲ್ಲಿ ಪ್ರತಿ ಕ್ಲಾಸಿಗೂ ಸದ್ದಿಲ್ಲದ ಅಲಾರಂ ಇರಬೇಕು ಅಂತ ಕಾನೂನು ಬಂತು. ಅಲಿಸಾ'ಸ್ ಲಾ ಅನ್ನುತ್ತಾರೆ. 2018ರಲ್ಲಿ ಫ್ಲೋರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ ತೀರಿಕೊಂಡ 17 ಜನರಲ್ಲಿ ಒಬ್ಬಳ ಹೆಸರು ಅದು. ಮೊದಲು ಈ ಕಾನೂನು ಮಾಡಿದ್ದು ನಿಮ್ಮ ನ್ಯೂಜೆರ್ಸಿಯೇ, 2019ರಲ್ಲಿ.

ಇನ್ನು ನಾನು ಮಾಡಿದ ತಪ್ಪು ಹೇಳುತ್ತೇನೆ, ನೀವು ಮಾಡಬೇಡಿ. ಹೋದ ವರ್ಷ ಮಗನ ಹೈಸ್ಕೂಲಿನಿಂದ "ಸೆಕ್ಯೂರ್" ಅಂತ ಮೆಸೇಜ್ ಬಂತು. ನಾನು ಅದನ್ನೂ ಲಾಕ್‌ಡೌನ್ ಅಂದುಕೊಂಡು ಕಾರು ಹತ್ತಿದೆ. ದಾರಿಯುದ್ದಕ್ಕೂ ಅವನಿಗೆ ಫೋನ್ ಮಾಡಿದೆ, ಒಂಬತ್ತು ಸಲ. ಶಾಲೆಯ ಮುಂದೆ ನನ್ನ ಹಾಗೆಯೇ ಬಂದ ಕಾರುಗಳು ರಸ್ತೆ ತುಂಬಿದ್ದವು. ಆಂಬುಲೆನ್ಸ್ ಬರಬೇಕಿದ್ದರೆ ದಾರಿಯೇ ಇರಲಿಲ್ಲ. ಸೆಕ್ಯೂರ್ ಅಂದರೆ ತೊಂದರೆ ಶಾಲೆಯ ಹೊರಗೆ ಎಲ್ಲೋ ಇದೆ, ಹೊರ ಬಾಗಿಲು ಮುಚ್ಚಿದೆ, ಒಳಗೆ ಪಾಠ ನಡೆಯುತ್ತಿದೆ ಅಂತ. ಲಾಕ್‌ಡೌನ್ ಅಂದರೆ ತೊಂದರೆ ಒಳಗೇ ಇದೆ ಅಂತ. ಹೋಲ್ಡ್ ಅಂದರೆ ಸುಮ್ನೆ ಕ್ಲಾಸಿನಲ್ಲೇ ಇರಿ, ಓಣಿ ಖಾಲಿ ಇರಲಿ ಅಂತ, ಯಾರಿಗೋ ಮೈ ಹುಷಾರಿಲ್ಲದಿದ್ದರೂ ಹಾಕುತ್ತಾರೆ. ಸಂಜೆ ಮಗ ಮನೆಗೆ ಬಂದು ಕೇಳಿದ: "ಅಪ್ಪಾ, ನಿಜವಾಗಿ ಅಡಗಿದ್ದಿದ್ದರೆ? ನನ್ನ ಫೋನ್ ಸದ್ದು ಮಾಡಿದ್ದಿದ್ದರೆ?" ಅವತ್ತಿನಿಂದ ನಮ್ಮ ಮನೆಯ ನಿಯಮ: ನಾವು ಫೋನ್ ಮಾಡುವುದಿಲ್ಲ. ಅವನೇ ಮೆಸೇಜ್ ಮಾಡುತ್ತಾನೆ. ಶಾಲೆ ಹೇಳಿದ ಜಾಗಕ್ಕೆ, ಹೇಳಿದ ಹೊತ್ತಿಗೆ, ಫೋಟೋ ಐಡಿ ಹಿಡಿದುಕೊಂಡು ಹೋಗುತ್ತೇವೆ. ಮಗುವನ್ನು ಕರೆದೊಯ್ಯಬಹುದಾದವರ ಪಟ್ಟಿಯಲ್ಲಿ ಯಾರ ಹೆಸರಿದೆ ಅಂತ ಇವತ್ತೇ ನೋಡಿ. ಅತ್ತೆಯವರ ಹೆಸರಿದೆಯಾ?

ಮಲೆನಾಡ ಸೊಸೆ

ಇಲ್ಲ. ನನ್ನದು, ನನ್ನ ಗಂಡನದು ಮಾತ್ರ ಇದೆ. ಇಬ್ಬರೂ ಟ್ರೈನ್ ಹತ್ತಿ ನ್ಯೂಯಾರ್ಕ್‌ಗೆ ಹೋಗುವ ದಿನಗಳಿವೆ. ಇದು ಹೊಳೆದೇ ಇರಲಿಲ್ಲ. ಥ್ಯಾಂಕ್ಸ್ ಸರ್.

ರಾತ್ರಿ ಪಾಳಿ ನರ್ಸ್, ಷಿಕಾಗೋ

ನಾನು ಟ್ರಾಮಾ ವಾರ್ಡಿನಲ್ಲಿ ಕೆಲಸ ಮಾಡುತ್ತೇನೆ. ಗುಂಡು ತಗುಲಿದ ಮಕ್ಕಳನ್ನು ನೋಡಿದ್ದೇನೆ. ಅವರಲ್ಲಿ ಶಾಲೆಯಲ್ಲಿ ಗುಂಡು ತಗುಲಿದವರು ಯಾರೂ ಇರಲಿಲ್ಲ. ಮನೆ, ಬೀದಿ, ಕಾರು, ಇಲ್ಲಿಂದಲೇ ಬಂದವರು. ಹಾಗಾಗಿ ನಾನು ಶಾಲೆಗಿಂತ ಮುಂಚೆ ಮನೆಗಳ ಮಾತು ಆಡುತ್ತೇನೆ.

ಮಗಳು ಇನ್ನು ಗೆಳತಿಯರ ಮನೆಗೆ ಆಟಕ್ಕೆ ಹೋಗುವ ವಯಸ್ಸು, ಅಲ್ವಾ? ಮೊದಲ ಸಲ ಕಳಿಸುವ ಮುಂಚೆ ಕೇಳಿ: "ನಿಮ್ಮ ಮನೆಯಲ್ಲಿ ಗನ್ ಇದೆಯಾ? ಬೀಗದಲ್ಲಿ ಇಟ್ಟಿದ್ದೀರಾ?" ನಮ್ಮವರು ಸಂಕೋಚ ಪಡುತ್ತಾರೆ. ಮಗುವಿಗೆ ನೆಲಗಡಲೆ ಅಲರ್ಜಿ ಇದ್ದರೆ ಹೇಳುತ್ತೀರಿ, ನಾಯಿ ಇದೆಯಾ ಅಂತ ಕೇಳುತ್ತೀರಿ. ಅದರ ಜೊತೆಗೇ ಇದನ್ನೂ ಕೇಳಿ. ನನಗೆ ಇವತ್ತಿನವರೆಗೆ ಯಾರೂ ಬೇಸರ ಮಾಡಿಕೊಂಡಿಲ್ಲ. ಗುಂಡು ತೆಗೆದ ಗನ್ ಒಂದು ಬೀಗದಲ್ಲಿ, ಗುಂಡು ಬೇರೆ ಬೀಗದಲ್ಲಿ. ವೈದ್ಯರು ಹೇಳುವುದು ಇದೇ.

ಶಾಲೆಯ ದಾಳಿಗಳಿಗೂ ಇದಕ್ಕೂ ನೇರ ನಂಟಿದೆ. ಅಮೆರಿಕ ಅಧ್ಯಕ್ಷರ ಭದ್ರತೆ ನೋಡುವ ಸೀಕ್ರೆಟ್ ಸರ್ವಿಸ್ 2008ರಿಂದ 2017ರವರೆಗಿನ 41 ಶಾಲಾ ದಾಳಿಗಳನ್ನು ಪರಿಶೀಲಿಸಿ 2019ರಲ್ಲಿ ವರದಿ ಕೊಟ್ಟಿತು. ಗನ್ ಬಳಸಿದವರಲ್ಲಿ ಹೆಚ್ಚಿನವರಿಗೆ ಅದು ಸಿಕ್ಕಿದ್ದು ಅಪ್ಪ ಅಮ್ಮನ ಅಥವಾ ಹತ್ತಿರದ ನೆಂಟರ ಮನೆಯಲ್ಲಿ. ಮಿಷಿಗನ್‌ನ ಆಕ್ಸ್‌ಫರ್ಡ್ ಹೈಸ್ಕೂಲಿನಲ್ಲಿ 2021ರ ನವೆಂಬರ್ 30ರಂದು ನಾಲ್ಕು ಮಕ್ಕಳು ಸತ್ತರು. ಹೊಡೆದವನಿಗೆ 15 ವರ್ಷ. ಗನ್ ಅವನ ಅಪ್ಪ ನಾಲ್ಕು ದಿನ ಮುಂಚೆ ಕೊಂಡದ್ದು. 2024ರಲ್ಲಿ ಅಪ್ಪ ಅಮ್ಮ ಇಬ್ಬರಿಗೂ ಜೈಲು ಶಿಕ್ಷೆ ಆಯಿತು.

ಇನ್ನೊಂದು ಮಾತು. ದೊಡ್ಡವರು "ಸ್ಟಾಪ್ ದ ಬ್ಲೀಡ್" ಅನ್ನುವ, ರಕ್ತ ಸೋರುವುದನ್ನು ನಿಲ್ಲಿಸುವ ತರಬೇತಿ ಮಾಡಿ. ಸ್ಯಾಂಡಿ ಹುಕ್ ಆದ ಮೇಲೆ ಸರ್ಜನ್‌ಗಳು ಸೇರಿ ಯೋಚಿಸಿದ್ದರಿಂದ ಹುಟ್ಟಿದ್ದು ಅದು. ಒಂದೆರಡು ಗಂಟೆ ಸಾಕು. ಗಾಯದ ಮೇಲೆ ಎರಡೂ ಕೈ ಇಟ್ಟು ಮೈಭಾರ ಹಾಕಿ ಒತ್ತುವುದು. ಗಾಯ ಆಳವಿದ್ದರೆ ಬಟ್ಟೆ ತುರುಕಿ ಒತ್ತುವುದು. ಕೈಕಾಲಿನ ರಕ್ತ ನಿಲ್ಲದಿದ್ದರೆ ಗಾಯದಿಂದ ಎರಡು ಮೂರು ಇಂಚು ಮೇಲೆ, ಕೀಲು ಬಿಟ್ಟು ಟೂರ್ನಿಕೆ (ರಕ್ತ ತಡೆಯುವ ಪಟ್ಟಿ) ಬಿಗಿದು, ಹೊತ್ತು ಎಷ್ಟು ಅಂತ ಬರೆಯುವುದು. ರಸ್ತೆ ಅಪಘಾತಕ್ಕೂ ಇದೇ ವಿದ್ಯೆ. ಅಲ್ಲಿನ ಕನ್ನಡ ಕೂಟದಲ್ಲಿ ಒಂದು ಭಾನುವಾರ ಇಡಿಸಿ, ಹಬ್ಬದ ರಿಹರ್ಸಲ್‌ಗೆ ಎಷ್ಟು ಭಾನುವಾರ ಕೊಡುತ್ತೇವೆ.

ಎರಡನೇ ವರ್ಷ

ನಾನು ಇಲ್ಲೇ ಹುಟ್ಟಿದವಳು, ಈಗ ಕಾಲೇಜು. ಕನ್ನಡ ಕಲಿ ಕ್ಲಾಸಿನಲ್ಲಿ ಕಲಿತ ಕನ್ನಡ, ತಪ್ಪಿದ್ದರೆ ತಿದ್ದಿ.

ಸ್ಯಾಂಡಿ ಹುಕ್ ಆದಾಗ ನಾನು ಒಂದನೇ ಕ್ಲಾಸಿನಲ್ಲಿದ್ದೆ. ಸತ್ತ ಮಕ್ಕಳು ನನ್ನ ವಯಸ್ಸಿನವರು. ಅಮ್ಮ ಟಿವಿ ಆರಿಸಿದರು. ನಾನು ರೂಮಿಗೆ ಬಂದರೆ ಅಪ್ಪ ಅಮ್ಮ ಮಾತು ನಿಲ್ಲಿಸುತ್ತಿದ್ದರು. ನನ್ನ ಒಳ್ಳೆಯದಕ್ಕೇ ಮಾಡಿದರು, ಈಗ ಗೊತ್ತಾಗುತ್ತದೆ. ಆಗ ನನಗೆ ಅನಿಸಿದ್ದು, ಇದು ಕೇಳಬಾರದ ವಿಷಯ ಅಂತ. ಹನ್ನೆರಡು ವರ್ಷ ಡ್ರಿಲ್ ಮಾಡಿದೆ. ಮನೆಯಲ್ಲಿ ಒಂದು ದಿನವೂ ಹೇಳಲಿಲ್ಲ. ಡ್ರಿಲ್ ನೆನಪಿಲ್ಲ. ಹೇಳಬಾರದು ಅಂತ ನುಂಗಿಕೊಂಡದ್ದು ನೆನಪಿದೆ.

ಹತ್ತನೇ ಕ್ಲಾಸಿನಲ್ಲಿ ಒಬ್ಬ ಹುಡುಗ ಆನ್‌ಲೈನ್‌ನಲ್ಲಿ ಏನೋ ಬರೆದಿದ್ದ, ಗನ್ ಫೋಟೋ ಹಾಕಿದ್ದ. ನಾನು, ನನ್ನ ಫ್ರೆಂಡ್ ಇಬ್ಬರೂ ನೋಡಿದೆವು. ಹೇಳಿದರೆ ಚಾಡಿ ಆಗುತ್ತಾ ಅಂತ ಒಂದು ರಾತ್ರಿ ಪೂರ್ತಿ ಯೋಚನೆ ಮಾಡಿದೆ. ಬೆಳಿಗ್ಗೆ ಕೌನ್ಸೆಲರ್‌ಗೆ ಹೇಳಿದೆವು. ಅವನಿಗೆ ಸಹಾಯ ಸಿಕ್ಕಿತು, ಬೇರೆ ಶಾಲೆಗೆ ಹೋದ. ಅಕ್ಕಾ, ನಿಮ್ಮ ಮಗಳು ದೊಡ್ಡವಳಾದಾಗ ಆ ರಾತ್ರಿ ಒಬ್ಬಳೇ ಯೋಚನೆ ಮಾಡಬಾರದು. ನಿಮ್ಮ ಹತ್ತಿರ ಬರಬೇಕು. ಅದಕ್ಕೆ ಈಗಲೇ ಕೇಳಿ. "ಇವತ್ತು ಡ್ರಿಲ್ ಹೇಗಿತ್ತು?" ಅಂತ, ಊಟ ಹೇಗಿತ್ತು ಅಂತ ಕೇಳಿದ ಹಾಗೆ.

ಮಲೆನಾಡ ಸೊಸೆ

ಎಲ್ಲರ ಮಾತನ್ನೂ ಅತ್ತೆಗೆ ಓದಿ ಹೇಳಿದೆ. ಕೊನೆಯದನ್ನು ಎರಡು ಸಲ ಓದಿಸಿಕೊಂಡರು.

ನಿನ್ನೆ ಅನ್ನ ಸಾರು ಕಲಸಿ ಕೊಡುತ್ತಾ ಕೇಳಿದೆ, "ಪುಟ್ಟಿ, ಡ್ರಿಲ್‌ನಲ್ಲಿ ನೀನು ಎಲ್ಲಿ ಕೂತೆ?" ಅಂತ. ಪಟಪಟ ಹೇಳಿದಳು. ಕಂಬಳಿ ಮೂಲೆ, ಪಕ್ಕದಲ್ಲಿ ಯಾರು, ಯಾರು ಕೆಮ್ಮಿದರು, ಎಲ್ಲ. ಟೀಚರ್ ಮೇಡಂ ಊಹಿಸಿದ ಹಾಗೆ "ಅವನು" ಬಂದದ್ದು ಬಸ್ಸಿನಿಂದ. ಎರಡನೇ ಕ್ಲಾಸಿನ ಹುಡುಗ ಹೇಳಿದ್ದಂತೆ. "ಬಾಗಿಲು ಮಿಸ್ ಕೆಲಸ, ಮಾತು ಕೇಳೋದು ನಿನ್ನ ಕೆಲಸ" ಅಂದೆ. ಅವಳು ಸ್ವಲ್ಪ ಯೋಚಿಸಿ, "ಮನೇಲಿ ಬಾಗಿಲು ಯಾರ ಕೆಲಸ?" ಅಂದಳು. ಅತ್ತೆ ತಕ್ಷಣ, "ನಂದು" ಅಂದರು.

ರಾತ್ರಿ ಅತ್ತೆ ಇನ್ನೊಂದು ವಿಷಯ ಹೇಳಿದರು. ಅವರ ಮನೆಯಲ್ಲೂ ಕೋವಿ ಇತ್ತಂತೆ, ತೋಟಕ್ಕೆ ಬರುವ ಹಂದಿ, ಮಂಗಗಳಿಗೆ ಅಂತ ಲೈಸೆನ್ಸ್ ಇದ್ದದ್ದು. ಮಾವ ಅದನ್ನು ದೇವರ ಕೋಣೆ ಪಕ್ಕದ ಬೀರುವಿನಲ್ಲಿ ಬೀಗ ಹಾಕಿ ಇಡುತ್ತಿದ್ದರು. ತೋಟಾ ಅಟ್ಟದ ಪೆಟ್ಟಿಗೆಯಲ್ಲಿ, ಅದರ ಕೀ ಅತ್ತೆಯ ಸೊಂಟದಲ್ಲಿ. ಎಲೆಕ್ಷನ್ ಬಂದರೆ ಪೊಲೀಸ್ ಠಾಣೆಗೆ ಒಪ್ಪಿಸಿ ರಸೀದಿ ತರುತ್ತಿದ್ದರು. "ಆ ನರ್ಸ್ ಹುಡುಗಿ ಹೇಳಿದ್ದು ನಾವು ಮಾಡ್ತಿದ್ದದ್ದೇ ಕಣೇ. ಕೇಳು ನೀನು, ಇದರಲ್ಲಿ ನಾಚಿಕೆ ಎಂಥದು?" ಅಂದರು.

ಇವತ್ತು ಶಾಲೆಯ ಆಫೀಸಿಗೆ ಹೋಗಿ ಪಟ್ಟಿಗೆ ಅತ್ತೆಯ ಹೆಸರು ಸೇರಿಸಿದೆ. ಐಡಿಗೆ ಪಾಸ್‌ಪೋರ್ಟ್ ಆಗುತ್ತದೆ ಅಂದರು. ಅದರ ಒಂದು ಜೆರಾಕ್ಸ್ ಬಾಗಿಲ ಪಕ್ಕದ ಡ್ರಾದಲ್ಲಿ ಇಟ್ಟಿದ್ದೇನೆ, ಶಾಲೆಯ ವಿಳಾಸವನ್ನು ಕನ್ನಡದಲ್ಲಿ ಬರೆದು. ಬೀಗಗಳ ಬಗ್ಗೆಯೂ ಕೇಳಿದೆ, ಬರೆದು ಉತ್ತರ ಕೊಡುತ್ತಾರಂತೆ.

ಶನಿವಾರ ಪುಟ್ಟಿ ಗೆಳತಿ ಮನೆಗೆ ಮೊದಲ ಸಲ ಆಟಕ್ಕೆ ಹೋಗಬೇಕು. ಆ ತಾಯಿಗೆ ಮೆಸೇಜ್ ಬರೆದು ಇಟ್ಟಿದ್ದೇನೆ. ನಾಯಿ ವಿಷಯ, ಊಟದ ವಿಷಯ, ಆಮೇಲೆ ಆ ಪ್ರಶ್ನೆ. ಇದನ್ನು ಪೋಸ್ಟ್ ಮಾಡಿ ಅದನ್ನು ಕಳಿಸುತ್ತೇನೆ.